ನೀರು ತುಂಬುವಷ್ಟು ಹೊತ್ತು

“ಸ್ವಲ್ಪ ಪಕ್ಕಕ್ಕೆ ಸರೀತೀರಾ? ನೀವು ಫ್ರೇಮಲ್ಲಿ ಬರ್ತಾ ಇದೀರಿ.”

ಮೆರಿಯಲ್ ಅವನಿಗೆ ಹೇಳಿದ ಮೊದಲ ಮಾತು ಅದು. ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡಳೋ, ಲೆಕ್ಕವಿಲ್ಲ.

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಟ್ಟದ ನೆತ್ತಿಯಲ್ಲಿ ಇನ್ನೂ ಒಂದೆರಡು ಗೆರೆ ಹಿಮ ಉಳಿದಿತ್ತು. ಗಾರ್ತ್‌ಡೇಲ್ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಲವತ್ತು ಜನ ಕ್ಯಾಮೆರಾ ಹಿಡಿದು ಒಬ್ಬರ ಭುಜದ ಮೇಲೊಬ್ಬರು ಬಾಗಿದ್ದರು. ಕಾರ್ಲೈಲ್‌ನಿಂದ ಹತ್ತು ಬೋಗಿ ಪ್ರವಾಸಿಗರನ್ನು ಎಳೆದುಕೊಂಡು ಬಂದ ಹಸಿರು ಉಗಿ ಇಂಜಿನ್ ‘ಲೇಡಿ ಇಸಾಬೆಲ್’, ಮುಂದಿನ ಕಡಿದಾದ ಏರು ಹತ್ತುವ ಮೊದಲು ನೀರು ಕುಡಿಯುತ್ತ ನಿಂತಿತ್ತು. ಆ ನೀರಿನ ಪೈಪು ಹಿಡಿದಿದ್ದವನೇ ಅವನು. ಎತ್ತರದ ಆಳು, ಕೆನ್ನೆಯ ಮೇಲೆ ಎಣ್ಣೆಯ ಕಪ್ಪು.

“ಕ್ಷಮಿಸಿ,” ಅಂದ ಅವನು. ಬೇಸರವೇನೂ ಇಲ್ಲದೆ ನಕ್ಕು, ಪೈಪು ಬಿಡದೆಯೇ ಇಂಜಿನ್ನಿನ ಮರೆಗೆ ಸರಿದುಬಿಟ್ಟ.

ಸಂಜೆ ಮನೆಯಲ್ಲಿ ಫೋಟೋಗಳನ್ನು ತೆರೆದಾಗ, ಅವನು ಸರಿಯುವ ಮೊದಲಿನ ಒಂದು ಚಿತ್ರ ಸಿಕ್ಕಿತು. ಅಂಚಿನಲ್ಲಿ ಅರ್ಧ ಮುಖ, ಉಗಿಯ ನಡುವೆ ಒಂದು ನಗು. ಮೆರಿಯಲ್ ಅದನ್ನು ಅಳಿಸಲು ಹೋದಳು. ಬೆರಳು ಅಲ್ಲೇ ನಿಂತಿತು. ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಇಡೀ ದಿನ ಫೋನ್ ಎತ್ತಿ, ಬೆಕ್ಕುಗಳಿಗೂ ಕುರಿಗಳಿಗೂ ಅಪಾಯಿಂಟ್‌ಮೆಂಟ್ ಕೊಡುವ ಮೂವತ್ತೆಂಟರ ಹೆಂಗಸು ಅವಳು. ಏಳು ವರ್ಷ ಜೊತೆಗಿದ್ದವನು ಬಿಟ್ಟುಹೋದ ಮೇಲೆ, ಇನ್ನು ಸಾಕು ಅಂದುಕೊಂಡಿದ್ದಳು. ಆ ಅರ್ಧ ಮುಖ ನೋಡುತ್ತ ಚಹಾ ತಣ್ಣಗಾಯಿತು.

ಲೇಡಿ ಇಸಾಬೆಲ್ ಆ ಹಾದಿಯಲ್ಲಿ ಬರುತ್ತಿದ್ದುದು ವರ್ಷಕ್ಕೆ ಐದೋ ಆರೋ ಸಲ. ಮುಂದಿನ ಸಲ ಬಂದಾಗ ಮೆರಿಯಲ್ ಹೊಲದ ಕಲ್ಲುಗೋಡೆಯ ಹಿಂದೆ ಕಾದಿದ್ದಳು. ಇಂಜಿನ್ನಿಗೆ ತಾಗಿದ ಮೊದಲ ಬೋಗಿ ಅದರ ಸಿಬ್ಬಂದಿಯದು. ಅದರ ಕಿಟಕಿಯಿಂದ ಅವನು ತಲೆ ಹೊರಗೆ ಹಾಕಿದ್ದ. ಅವಳನ್ನು ಕಂಡ. ಕಂಡದ್ದೇ ತಡ, ಥಟ್ಟನೆ ತಲೆ ಒಳಗೆಳೆದುಕೊಂಡ!

ಅದರ ಮುಂದಿನ ಸಲವೂ ಅಷ್ಟೇ. ಆಮೇಲೂ ಅಷ್ಟೇ.

“ಅವನು ನಿನ್ನ ಕಂಡ್ರೆ ಯಾಕೆ ಹೆದರ್ತಾನೆ?” ಕೇಳಿದರು ಕ್ಲೆಮ್ ಬ್ರೇತ್‌ವೇಟ್. ಅವಳ ಅಪ್ಪನ ಗೆಳೆಯರು, ನಿವೃತ್ತ ಪೋಸ್ಟ್‌ಮನ್. ಉಗಿಬಂಡಿ ಎಲ್ಲೇ ಓಡಲಿ, ತಮ್ಮ ಹಳೇ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ಹೋಗುವವರು ಅವರೇ.

“ಹೆದರ್ತಿಲ್ಲ ಕ್ಲೆಮ್ ಅಂಕಲ್. ಮರ್ಯಾದೆ ಮಾಡ್ತಾ ಇದಾನೆ,” ಅಂದಳು ಮೆರಿಯಲ್, ಅಳಬೇಕೋ ನಗಬೇಕೋ ತಿಳಿಯದೆ. “ಫ್ರೇಮಿಂದ ಸರೀರಿ ಅಂತ ನಾನೇ ಹೇಳಿದ್ದೆ.”

“ಸರಿಯಾಗೇ ಹೇಳಿದೀಯ. ನಮಗೆ ಬೇಕಾಗಿರೋದು ಇಂಜಿನ್ನು.”

“ನಿಮಗೆ,” ಅಂದಳು. ಆಮೇಲೆ ಕಿವಿಯವರೆಗೂ ಕೆಂಪಾದಳು. ಕ್ಲೆಮ್ ಅವಳನ್ನೊಮ್ಮೆ ನೋಡಿ, ಏನೂ ಕೇಳಿಸಲಿಲ್ಲವೆಂಬಂತೆ ಕನ್ನಡಕ ಒರೆಸಿಕೊಂಡರು.

ಅಕ್ಟೋಬರಿನಲ್ಲಿ ಅವಳು ಧೈರ್ಯ ಮಾಡಿದಳು. ಕ್ಯಾಮೆರಾವನ್ನು ಚೀಲದೊಳಗೇ ಬಿಟ್ಟು, ಅವನಿಗೆ ತಿನ್ನಲೆಂದು ಕಾಗದದಲ್ಲಿ ಸುತ್ತಿದ ಬೇಕನ್ ರೋಲ್ ಹಿಡಿದು ಪೈಪಿನ ಬಳಿಗೇ ನಡೆದಳು.

“ಇವತ್ತು ಕ್ಯಾಮೆರಾ ಇಲ್ವಾ?” ಅವನೇ ಕೇಳಿದ.

“ಇಲ್ಲ. ನೀವು ಬಚ್ಚಿಟ್ಕೊಳ್ಳೋದು ಬೇಡ.”

“ಅಯ್ಯೋ, ನಾನು ನಿಮ್ಮ ಫೋಟೋ ಕೆಡಿಸಬಾರದು ಅಂತ...”

“ನನ್ನ ಹತ್ರ ಆ ಇಂಜಿನ್ನಿಂದು ಎರಡು ಸಾವಿರ ಫೋಟೋ ಇದೆ. ನಿಮ್ದು ಅರ್ಧ.”

“ಅರ್ಧ ಫೋಟೋನಾ?”

“ಅರ್ಧ ಮುಖ.”

ಅವನು ಪೈಪು ಮರೆತು ನಕ್ಕ. ನೀರು ಟ್ಯಾಂಕಿನ ಬಾಯಿಯಿಂದ ಉಕ್ಕಿ ಇಬ್ಬರ ಬೂಟಿನ ಮೇಲೂ ಸುರಿಯಿತು. ಮೇಲಿನಿಂದ ಡ್ರೈವರ್ ಬೈದ. ತನ್ನ ಹೆಸರು ಇಡ್ರಿಸ್ ಪ್ರೋಸರ್ ಅಂದ ಪೈಪಿನವನು. ವೇಲ್ಸ್‌ನವನು, ಬಾಯ್ಲರ್ ರಿಪೇರಿ ಮಾಡುವುದು ಕಸುಬು. ರಜೆ ಸಿಕ್ಕಿದಾಗೆಲ್ಲ ಈ ಇಂಜಿನ್ನಿನ ಸೇವೆ. ಅಷ್ಟು ಹೇಳುವ ಹೊತ್ತಿಗೆ ಗಾರ್ಡ್ ಸೀಟಿ ಊದಿದ.

ಅಂದಿನಿಂದ ಅವರ ಪಾಲಿಗೆ ಬಂದದ್ದು ಅಷ್ಟೇ: ನೀರು ತುಂಬುವಷ್ಟು ಹೊತ್ತು. ಇಪ್ಪತ್ತು ನಿಮಿಷ. ಅದರಲ್ಲಿ ಎಣ್ಣೆ ಹಾಕಬೇಕು, ಕಲ್ಲಿದ್ದಲು ಮುಂದಕ್ಕೆ ತಳ್ಳಬೇಕು, ಪ್ರವಾಸಿಗರ ಮಕ್ಕಳಿಗೆ ಕೈಬೀಸಬೇಕು. ಉಳಿದದ್ದು ಮೆರಿಯಲ್‌ಗೆ.

ಒಂದು ಸಲ ಅವನು ಅವಳ ಕೈಗವಸಿನ ತೂತು ನೋಡಿದ. ಮುಂದಿನ ಸಲ ಬಂದಾಗ ಒಂದು ಜೊತೆ ಹೊಸ ಗವಸು ಕೊಟ್ಟು, “ಬಟನ್ ಒತ್ತೋ ಬೆರಳು ಬೆಚ್ಚಗಿರಬೇಕಲ್ವಾ?” ಅಂದ. ನಡುವೆ ಹನ್ನೊಂದು ವಾರ ಕಳೆದಿತ್ತು. ಹನ್ನೊಂದು ವಾರ ಅವನು ಆ ತೂತನ್ನು ನೆನಪಿಟ್ಟಿದ್ದ ಅನ್ನುವುದೇ ಅವಳಿಗೆ ಎಷ್ಟೋ ದಿನ ಸಾಕಾಯಿತು.

ಸಾಕಾಯಿತು ಅನ್ನುವುದೂ ಸುಳ್ಳೇ. ರೈಲು ಅವಳು ಕರೆದಾಗ ಬರುತ್ತಿರಲಿಲ್ಲ, ತಡೆದರೆ ನಿಲ್ಲುತ್ತಿರಲಿಲ್ಲ. ಎರಡನೇ ವರ್ಷದ ಬೇಸಿಗೆ ಇಡೀ ಮಳೆಯಿಲ್ಲ. ಕಿಡಿ ಹಾರಿ ಹುಲ್ಲಿಗೆ ಬೆಂಕಿ ಬಿದ್ದೀತೆಂದು ಉಗಿ ಇಂಜಿನ್ನುಗಳನ್ನೇ ನಿಲ್ಲಿಸಿದರು. ಹತ್ತು ಬೋಗಿಯ ಮುಂದೆ ಒಂದು ಡೀಸೆಲ್ ಇಂಜಿನ್ ಗುರುಗುಟ್ಟುತ್ತ ಬಂದು ಹೋಯಿತು. ಮೆರಿಯಲ್ ಗೋಡೆಗೊರಗಿ ನಿಂತು, ತನ್ನ ಬದುಕು ಹವಾಮಾನ ವರದಿಯ ಕೈಯಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿದಳು. ಫೋನ್ ನಂಬರ್ ಕೇಳಿದರೆ ಮುಗಿಯಿತಲ್ಲ? ಪ್ರತಿಸಲ ಕೇಳಬೇಕೆಂದು ಹೋಗುತ್ತಿದ್ದಳು. ಪ್ರತಿಸಲ ಅವನ ಮುಖ ಕಂಡೊಡನೆ ಕೇಳುತ್ತಿದ್ದದ್ದು, “ಇವತ್ತು ಕಲ್ಲಿದ್ದಲು ಹೇಗಿದೆ?”

ಮೂರನೇ ವರ್ಷದ ಸೆಪ್ಟೆಂಬರ್. ಲೇಡಿ ಇಸಾಬೆಲ್‌ಳ ಬಾಯ್ಲರಿಗೆ ಕೊಟ್ಟ ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಆ ಶನಿವಾರ ಅವಳ ಕೊನೆಯ ಓಟ. ಮತ್ತೆ ಹಳಿಗೆ ಬರುವುದು ಎಷ್ಟು ವರ್ಷಕ್ಕೋ ಯಾರಿಗೂ ಗೊತ್ತಿರಲಿಲ್ಲ.

ರೈಲು ನಲವತ್ತು ನಿಮಿಷ ತಡವಾಗಿ ಬಂತು. ಹಿಂದೆ ಒಂದು ಪ್ಯಾಸೆಂಜರ್ ರೈಲು ಕಾಯುತ್ತಿದ್ದುದರಿಂದ ನೀರಿಗೆ ಸಿಕ್ಕಿದ್ದು ಬರೀ ಎಂಟು ನಿಮಿಷ. ಪ್ಲಾಟ್‌ಫಾರಂನಲ್ಲಿ ಕಾಲಿಡಲು ಜಾಗವಿಲ್ಲ. ಮೆರಿಯಲ್ ಟ್ರೈಪಾಡುಗಳನ್ನು ದಾಟಿ, ಮೂವರ ಬೈಗುಳ ತಿಂದು ಪೈಪಿನ ಬಳಿ ಮುಟ್ಟುವಾಗ ಎರಡೇ ನಿಮಿಷ ಉಳಿದಿತ್ತು.

“ಬರಲ್ವೇನೋ ಅಂದ್ಕೊಂಡೆ,” ಅಂದ ಇಡ್ರಿಸ್. ಅವನ ಕೈ ಪೈಪು ಬಿಚ್ಚುತ್ತಿತ್ತು, ಕಣ್ಣು ಅವಳನ್ನು ಬಿಡುತ್ತಿರಲಿಲ್ಲ.

“ಇಡ್ರಿಸ್, ನಾನು ನಿಮಗೊಂದು ಮಾತು—”

ಅಷ್ಟರಲ್ಲಿ ಸೇಫ್ಟಿ ವಾಲ್ವ್ ತೆರೆಯಿತು. ಹೊರಲಾರದ ಒತ್ತಡವನ್ನೆಲ್ಲ ಬಾಯ್ಲರು ಆಕಾಶಕ್ಕೆ ಉಗುಳಿತು. ಆ ಭೋರ್ಗರೆತಕ್ಕೆ ಮಕ್ಕಳು ಕಿವಿ ಮುಚ್ಚಿಕೊಂಡರು. ಮೆರಿಯಲ್ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬಾಯಿ ಬರದೆಂದು ಗೊತ್ತಿತ್ತು. ಮೂರು ವರ್ಷದ್ದೆಲ್ಲ ಹೇಳಿಬಿಟ್ಟಳು. ಅವನು ಬಾಗಿ ಕಿವಿಗೆ ಕೈ ಹಿಡಿದ. ತಲೆಯಾಡಿಸಿದ. ಅವನೂ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಒಂದಕ್ಷರವೂ ಕೇಳಲಿಲ್ಲ.

ಗಾರ್ಡ್ ಸೀಟಿ ಊದಿದ. ಯಾರೋ ಇಡ್ರಿಸ್‌ನ ಜಾಕೆಟ್ಟು ಹಿಡಿದು ಬೋಗಿಯೊಳಗೆ ಎಳೆದರು. ಹತ್ತು ಬೋಗಿಯೂ ಅವಳ ಮುಂದೆ ಒಂದೊಂದಾಗಿ ಸರಿದುಹೋದವು. ಆಮೇಲೆ ದೂರದಲ್ಲಿ ವಾಲ್ವ್ ಮುಚ್ಚಿತು. ಎಷ್ಟು ನಿಶ್ಶಬ್ದವೆಂದರೆ ಪೈಪಿನಿಂದ ಹನಿ ಬೀಳುವುದು ಕೇಳುತ್ತಿತ್ತು.

“ಅಳ್ತಾ ನಿಂತ್ಕೋಬೇಡ, ಕಾರು ಹತ್ತು,” ಅಂದರು ಕ್ಲೆಮ್, ಬೆನ್ನ ಹಿಂದಿನಿಂದ. “ಏರಿನಲ್ಲಿ ಇಸಾಬೆಲ್ ತೆವಳ್ತಾಳೆ. ನಾವು ಮೊದಲು ಮುಟ್ತೀವಿ.”

“ಮುಟ್ಟಿ ಏನ್ ಮಾಡೋದು ಅಂಕಲ್? ಅದು ನಿಲ್ಲುತ್ತಾ?”

“ನಿಲ್ಲಲ್ಲ. ಆದ್ರೂ ಹತ್ತು.”

ಬೆಟ್ಟದ ತಿರುವಿನಲ್ಲಿ ಕಾರು ಬಿಟ್ಟು, ಒದ್ದೆ ಹುಲ್ಲಿನಲ್ಲಿ ಓಡಿ ಹೊಲದ ಗೋಡೆ ಮುಟ್ಟಿದರು. ಅಲ್ಲೂ ಐವತ್ತು ಜನ. ಕೆಳಗಿನ ಕಣಿವೆಯಲ್ಲಿ ಬಿಳಿ ಹೊಗೆ ಹತ್ತಿರವಾಗುತ್ತಿತ್ತು. ಇಂಜಿನ್ನಿನ ಒಂದೊಂದು ಉಸಿರೂ ಎದೆಯ ಮೇಲೆ ಗುದ್ದಿದ ಹಾಗೆ. ಆಗ ಎದುರಿನ ಕಂಬದ ಸಿಗ್ನಲ್ ಕೆಂಪಾಗಿಯೇ ಇರುವುದನ್ನು ಯಾರೋ ನೋಡಿದರು.

“ನಿಲ್ಸ್ತಿದಾರೆ! ಇಲ್ಲೇ ನಿಲ್ಸ್ತಿದಾರೆ!”

ಲೇಡಿ ಇಸಾಬೆಲ್ ಏದುಸಿರು ಬಿಡುತ್ತ ಬಂದು ಸರಿಯಾಗಿ ಅವರೆದುರು ನಿಂತಳು. ಮೊದಲ ಬೋಗಿಯ ಕಿಟಕಿಯಲ್ಲಿ ಇಡ್ರಿಸ್. ನಡುವೆ ಮೂವತ್ತು ಗಜ ಹುಲ್ಲು ಮತ್ತು ರೈಲ್ವೆಯ ಬೇಲಿ. ಅವಳು ಬೇಲಿ ದಾಟುವಂತಿಲ್ಲ. ಅವನು ಇಳಿಯುವಂತಿಲ್ಲ. ಕೈಗೆ ಎಟುಕುವ ಹಾಗೆ ನಿಂತಿದ್ದಾನೆ, ಆದರೆ ಎಟುಕುವುದಿಲ್ಲ. ಬಂಡಿ ಹೊರಟುಹೋದದ್ದಕ್ಕಿಂತ ಇದೇ ಅವಳಿಗೆ ಹೆಚ್ಚು ಉರಿಯಿತು. ಗೋಡೆಯ ಕಲ್ಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

“ಮೆರಿಯಲ್!” ಅವನು ಕೂಗಿದ. “ನಿಮಗೆ ಮದುವೆ ಆಗಿದ್ಯಾ?”

ಇಡೀ ಗೋಡೆ ಅವಳ ಕಡೆ ತಿರುಗಿತು.

“ಇಲ್ಲ!”

“ಏನು?”

“ಇಲ್ವಂತೆ!” ಎರಡನೇ ಬೋಗಿಯಿಂದ ನೇರಳೆ ಟೋಪಿಯ ಅಜ್ಜಿಯೊಬ್ಬರು ಕಿಟಕಿಯಿಂದ ಬಾಗಿ ಮುಂದಕ್ಕೆ ದಾಟಿಸಿದರು. “ಆಗಿಲ್ಲ ಅಂತಾಳೆ!”

“ನನಗೂ ಆಗಿಲ್ಲ!” ಅಂದ ಇಡ್ರಿಸ್. “ನನ್ನ ಬೆನ್ನು ಎರಡು ವರ್ಷದಿಂದ ಹಾಳಾಗಿದೆ! ಡಾಕ್ಟರು ಬೇಡ ಅಂದ್ರೂ ಬರ್ತಿರೋದು ಈ ಇಂಜಿನ್ನಿಗಲ್ಲ! ಗಾರ್ತ್‌ಡೇಲಿಗೆ!”

ಯಾರೋ ಚಪ್ಪಾಳೆ ತಟ್ಟಿದರು. ಮೆರಿಯಲ್‌ಳ ಹಿಂದೆಯೇ ಕ್ಲೆಮ್‌ರ ಟ್ರೈಪಾಡಿತ್ತು. ಅವಳು ಪೂರ್ತಿ ಅವರ ಫ್ರೇಮಿನೊಳಗೆ ನಿಂತಿದ್ದಳು. “ಅಂಕಲ್, ಅಡ್ಡ ಬಂದೆ,” ಅಂದಳು ಕಣ್ಣೊರೆಸಿಕೊಳ್ಳುತ್ತ.

“ಸುಮ್ನಿರು. ನಂಬರ್ ಹೇಳು ಅವನಿಗೆ, ಬೇಗ!”

“ಸೊನ್ನೆ, ಏಳು!” ಕೂಗಿದಳು ಮೆರಿಯಲ್. “ಏಳು, ಮೂರು, ಒಂದು! ಎಂಟು, ಎರಡು, ಆರು, ಆರು!”

ಅಜ್ಜಿ ಊಟದ ಮೆನು ಕಾರ್ಡಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಸಿಗ್ನಲ್ ಹಸಿರಾಯಿತು. ಉಳಿದದ್ದು ಇನ್ನೆರಡೇ ಅಂಕಿ. ಅವನ್ನೂ ಕೂಗಿದಳು, ಗಂಟಲು ಹರಿಯುವ ಹಾಗೆ. ಆದರೆ ಅಷ್ಟರಲ್ಲಿ ಇಂಜಿನ್ ಶಿಳ್ಳೆ ಹೊಡೆಯಿತು. ಬೆಟ್ಟದಿಂದ ಬೆಟ್ಟಕ್ಕೆ ಬಡಿಯುವ ಉದ್ದನೆಯ ಶಿಳ್ಳೆ. ಐವತ್ತು ಕ್ಯಾಮೆರಾಗಳು ಒಟ್ಟಿಗೇ ಕಟಕಟಿಸಿದವು. ಇಡ್ರಿಸ್ ಕಿಟಕಿಯಿಂದ ಎರಡು ಕೈಯನ್ನೂ ಚಾಚಿ, ಏನು, ಏನು ಎಂದು ಕೇಳುತ್ತಲೇ ತಿರುವಿನಲ್ಲಿ ಮರೆಯಾದ.

ಭಾನುವಾರ ಬೆಳಿಗ್ಗೆ ಮೆರಿಯಲ್ ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಇಂಜಿನ್ನಿನ ಸಂಘಕ್ಕೆ ಒಂದು ಇಮೇಲ್ ಬರೆದಳು. ಏನೆಂದು ಬರೆಯುವುದು? ಅಳಿಸಿದಳು. ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಹನ್ನೊಂದೂವರೆಗೆ ಫೋನ್ ಬಡಿಯಿತು.

“ನಮಸ್ಕಾರ, ತೊಂದರೆ ಕೊಟ್ಟೆ, ಕ್ಷಮಿಸಿ,” ಅಂತು ಆ ಕಡೆಯ ದನಿ, ಯಾಂತ್ರಿಕವಾಗಿ, ಸೋತು. “ಅಲ್ಲಿ ಮೆರಿಯಲ್ ಅಂತ ಯಾರಾದ್ರೂ...”

“ಇಡ್ರಿಸ್.”

ಆ ಕಡೆ ಏನೋ ಕಬ್ಬಿಣದ್ದು ಠಣ್ಣೆಂದು ನೆಲಕ್ಕೆ ಬಿತ್ತು.

“ಕೊನೇ ಎರಡು ಅಂಕಿ ಸಿಗ್ಲಿಲ್ಲ,” ಅಂದ ಅವನು. “ಟೋಪಿ ಅಜ್ಜಿ ಐವತ್ನಾಲ್ಕು ಅಂದ್ರು, ಅವರ ಯಜಮಾನ್ರು ನಲವತ್ತೈದು ಅಂದ್ರು. ಎರಡೂ ಅಲ್ಲ. ಅದಕ್ಕೆ ಸೊನ್ನೆಯಿಂದ ಶುರು ಮಾಡ್ದೆ. ಇದು ಅರವತ್ತೆಂಟನೇ ಫೋನು. ಒಬ್ರು ಪೊಲೀಸ್‌ಗೆ ಹೇಳ್ತೀನಿ ಅಂದ್ರು. ಒಬ್ಬಾಕೆ ಸಿಕ್ಕಿದ್ಲಾ ಅಂತ ತಿಳಿಸು ಅಂದಿದಾಳೆ.”

ಮೆರಿಯಲ್ ನಗುತ್ತ ನಗುತ್ತ ಕುರ್ಚಿಯ ಮೇಲೆ ಕುಸಿದಳು.

“ಇನ್ನೊಂದು ವಿಷಯ ಹೇಳ್ಬೇಕು,” ಅವನ ದನಿ ಸಣ್ಣದಾಯಿತು. “ಬಾಯ್ಲರ್‌ನ ರಿಪೇರಿಗೆ ಜರ್ಮನಿಗೆ ಕಳಿಸ್ತಿದಾರೆ. ಜೊತೆಗೆ ನಾನೂ ಹೋಗ್ಬೇಕು. ಫೆಬ್ರವರಿಯಲ್ಲೇ ಸಹಿ ಹಾಕ್ಬಿಟ್ಟಿದೀನಿ.”

“ಎಷ್ಟು ದಿನ?”

“ಹದಿನಾಲ್ಕು ತಿಂಗಳು.”

“ಯಾವಾಗ ಹೊರಡೋದು?”

“ಗುರುವಾರ.”

ಕಿಟಕಿಯಾಚೆ ಕುರಿಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಬೇಡ ಅನ್ನಲು ತಾನು ಯಾರು? ಇನ್ನೊಬ್ಬರಿಗೆ ಮದುವೆಯಾಗಿಲ್ಲವೆಂದು ನಿನ್ನೆಯಷ್ಟೇ ತಿಳಿದುಕೊಂಡವರು ಇಬ್ಬರೂ.

“ಈಗ ಎಲ್ಲಿದೀರಿ?” ಕೇಳಿದಳು.

“ಲ್ಯಾಂಕಾಸ್ಟರ್ ಹತ್ರ, ಶೆಡ್ಡಲ್ಲಿ. ಬೂದಿ ತೆಗೀಬೇಕು.”

“ಅಲ್ಲೇ ಇರಿ.”

ಎಪ್ಪತ್ತು ಮೈಲಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದಳು, ಒಂದೂ ಹೊಳೆಯಲಿಲ್ಲ. ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು. ಬೆಂಕಿಯಾರಿದ ಇಂಜಿನ್ ಒಂದು ಮೂಲೆಯಲ್ಲಿ ತಣ್ಣಗೆ ನಿಂತಿತ್ತು. ಮುಂಭಾಗದ ದುಂಡು ಬಾಗಿಲಿನಿಂದ ಎರಡು ಬೂಟುಗಳಷ್ಟೇ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಸಲಿಕೆಯ ಸದ್ದು.

“ಇಡ್ರಿಸ್,” ಅಂದಳು.

ಸಲಿಕೆ ನಿಂತಿತು. ಬೂಟುಗಳು ಹಿಂದೆ ಹಿಂದೆ ಸರಿದವು. ಅವನು ಇಳಿದು ನಿಂತ. ತಲೆಯಿಂದ ಕಾಲಿನವರೆಗೆ ಬೂದಿ, ಕಣ್ಣೆರಡು ಮಾತ್ರ ಬಿಳಿ.

ಇಬ್ಬರೂ ನೋಡುತ್ತ ನಿಂತರು. ಸೀಟಿ ಊದುವವರಿಲ್ಲ. ಎಷ್ಟು ಹೊತ್ತು ಬೇಕಾದರೂ ಇತ್ತು, ಅದಕ್ಕೇ ಇರಬೇಕು, ಮಾತೇ ಹೊರಡಲಿಲ್ಲ.

“ಗುರುವಾರ ಹೋಗ್ದೆ ಇರೋಕೆ ಆಗಲ್ಲ, ಮೆರಿಯಲ್.”

“ಗೊತ್ತು.”

“ಹೋಗಬೇಡಿ ಅಂತ ನೀವು ಹೇಳ್ಬಿಟ್ರೆ ನನಗೆ ಕಷ್ಟ ಆಗುತ್ತೆ.”

“ಹೇಳೋಕೆ ಬಂದಿಲ್ಲ.” ಅಂದಳು ಅವಳು. “ಹೇಳಬೇಕು ಅನ್ನಿಸ್ತಿದೆ, ಆದ್ರೆ ಹೇಳಲ್ಲ.”

ಅವನು ಒಂದು ಹೆಜ್ಜೆ ಮುಂದೆ ಬಂದು, ತನ್ನ ಕೈಗಳನ್ನು ನೋಡಿಕೊಂಡು ನಿಂತುಬಿಟ್ಟ. ಒರೆಸಲು ಬಟ್ಟೆ ಹುಡುಕಿದ. ಇದ್ದ ಬಟ್ಟೆ ಕೈಗಿಂತ ಕಪ್ಪಾಗಿತ್ತು. ಎರಡೂ ಅಂಗೈಯನ್ನು ಮೇಲೆ ಮಾಡಿ, ಏನು ಮಾಡಲಿ ಎಂಬಂತೆ ಅವಳೆದುರು ಹಿಡಿದ.

ಮೆರಿಯಲ್ ಹತ್ತಿರ ಬಂದು ಆ ಕೈಗಳನ್ನು ಹಾಗೇ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು.

“ಇವತ್ತಿನ್ನೂ ಭಾನುವಾರ,” ಅಂದಳು.