ಅವಳೆದೆಯ ಮೇಲೆ ಅವನ ನಂಬರ್

"ರೀ... ನಿಲ್ರೀ! ಒಂದ್ನಿಮಿಷ! ನೀವು ನಾನಾಗಿಬಿಟ್ಟಿದ್ದೀರಿ!"

ಓಟ ಶುರುವಾಗಲು ಇನ್ನು ಮೂರೇ ನಿಮಿಷ ಬಾಕಿ. ಗೆರೆಯ ಹಿಂದೆ ನೂರಾರು ಜನರ ನಡುವೆ ನಿಂತು ಕಾಲು ಸಡಿಲ ಮಾಡಿಕೊಳ್ಳುತ್ತಿದ್ದ ಅವಳು ಬೆಚ್ಚಿ ತಿರುಗಿದಳು. ಎತ್ತರದ ಗಂಡಸೊಬ್ಬ ಜನರನ್ನು ಸರಿಸಿಕೊಂಡು ಬಂದು ಎದುರಿಗೇ ನಿಂತಿದ್ದ. ನಿಂತವನು ಮುಖ ನೋಡಬೇಕೋ ಬೇಡವೋ? ನೆಟ್ಟ ನೋಟದಲ್ಲಿ ಅವಳ ಎದೆಯನ್ನೇ ನೋಡುತ್ತಿದ್ದ!

"ಏನ್ರೀ ಅದು ನೋಡೋದು? ಅಕ್ಕತಂಗೀರು ಇಲ್ವಾ ನಿಮಗೆ?"

"ಅಯ್ಯೋ, ನಂಬರ್ ನೋಡ್ತಿದ್ದೀನಿ ಕಣ್ರೀ! ಆ ನಂಬರ್ ನಂದು!"

ಅವಳು ಬಗ್ಗಿ ನೋಡಿಕೊಂಡಳು. ಎದೆಗೆ ನಾಲ್ಕು ಪಿನ್ನು ಹಾಕಿ ಸಿಕ್ಕಿಸಿದ್ದ ನಂಬರ್ ಚೀಟಿ, ಅಂದರೆ ಬಿಬ್, ನೆಟ್ಟಗೇ ಇತ್ತು. 1661.

"ಸರಿಯಾಗೇ ಇದೆಯಲ್ಲ? ಸಾವಿರದ ಆರುನೂರ ಅರವತ್ತೊಂದು. ನಂದೇ."

"ಮೇಲಿಂದ ಬಗ್ಗಿ ನೋಡಿದ್ರೆ ತಲೆಕೆಳಗಾಗಿ ಕಾಣುತ್ತೆ ರೀ. ಎದುರಿಂದ ನೋಡೋರಿಗೆ ಅದು ಸಾವಿರದ ಒಂಬೈನೂರ ತೊಂಬತ್ತೊಂದು! ನಾನೂ ನಿಮ್ಮ ಹಾಗೇ ಬಗ್ಗಿ ನೋಡ್ಕೊಂಡು ಖುಷಿಯಾಗಿದ್ದೆ. ಈಗ ನೋಡಿ, ನನ್ನ ಎದೆ ಮೇಲೆ ಏನಿದೆ?"

ನೋಡಿದಳು. 1661. ಅವಳ ನಂಬರ್!

ನಿನ್ನೆ ಬಿಬ್ ಹಂಚುವ ಮೇಜಿನ ಆ ಕಡೆ ಕೂತಿದ್ದ ಹುಡುಗಿ ನಂಬರನ್ನು ತಲೆಕೆಳಗಾಗಿ ಓದಿ ಕೊಟ್ಟಿದ್ದಳು. ಇವರಿಬ್ಬರೂ ತಲೆಕೆಳಗಾಗಿಯೇ ನೋಡಿಕೊಂಡು ಸಿಕ್ಕಿಸಿಕೊಂಡಿದ್ದರು. ಅದರಲ್ಲೂ ಇವಳ ಕೆಲಸ ಏನು ಗೊತ್ತೇ? ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣು ಪರೀಕ್ಷೆ ಮಾಡುವುದು! ಅವಳ ಕಿವಿ ಕೆಂಪಾಯಿತು.

"ಬೇಗ ಬಿಚ್ಚಿ, ಬದಲಾಯಿಸೋಣ," ಎಂದು ಅವನು ಪಿನ್ನಿಗೆ ಕೈ ಹಾಕುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಹೆಂಗಸಿನ ದನಿ ಕೇಳಿತು.

"ಗೆರೆ ಹತ್ರ ಬಂದ ಮೇಲೆ ಯಾರೂ ಬಿಬ್ ಬದಲಾಯಿಸೋ ಹಾಗಿಲ್ಲ! ಬದಲಾಯಿಸಿದ್ದು ಕಂಡ್ರೆ ಇಬ್ಬರೂ ಔಟ್!"

ಢಂ! ಓಟ ಶುರುವಾಗಿಯೇ ಬಿಟ್ಟಿತು. ಹಿಂದಿನವರು ನೂಕಿದರು. ಇಬ್ಬರೂ ಒಟ್ಟಿಗೇ ಗೆರೆ ದಾಟಿದರು.

"ಈಗೇನ್ರೀ ಮಾಡೋದು?" ಅವಳು ಓಡುತ್ತಲೇ ಕೇಳಿದಳು.

"ನೀವು ಯಾವಾಗ ಮುಗಿಸ್ತೀರೋ ಅದು ನನ್ನ ಹೆಸರಿಗೆ. ನಾನು ಯಾವಾಗ ಮುಗಿಸ್ತೀನೋ ಅದು ನಿಮ್ಮ ಹೆಸರಿಗೆ. ಅದಕ್ಕೆ ಒಂದೇ ದಾರಿ... ಇಬ್ಬರೂ ಜೊತೆಯಲ್ಲೇ ಓಡಿ, ಜೊತೆಯಲ್ಲೇ ಗೆರೆ ದಾಟಬೇಕು. ಆಗ ಯಾರ ಲೆಕ್ಕವೂ ತಪ್ಪಲ್ಲ."

"ನಾನು ನಿಧಾನ..."

"ಪರವಾಗಿಲ್ಲ. ಅರ್ಧಕ್ಕೆ ಮಾತ್ರ ಬಿಡಬೇಡಿ. ಐದು ವರ್ಷದಿಂದ ನಾನು ಒಂದ್ಸಲನೂ ಬಿಟ್ಟಿಲ್ಲ."

ಅರ್ಧಕ್ಕೆ ಬಿಡುವುದೇ ಅವಳ ದೊಡ್ಡ ರೋಗ! ಸಂಗೀತ ಅರ್ಧಕ್ಕೆ ಬಿಟ್ಟಿದ್ದಳು. ಕಸೂತಿ ಅರ್ಧಕ್ಕೆ ಬಿಟ್ಟಿದ್ದಳು. ಮೂರು ವರ್ಷದ ಹಿಂದೆ ಗೊತ್ತಾಗಿದ್ದ ಮದುವೆಯನ್ನೂ, ಹುಡುಗನ ಬಗ್ಗೆ ಯಾರೋ ಏನೋ ಹೇಳಿದರೆಂದು ಒಂದು ಮಾತೂ ಕೇಳದೆ ಅರ್ಧಕ್ಕೇ ಬಿಟ್ಟು ಬಂದಿದ್ದಳು. ಕೇಳಿದ ಮಾತು ಸುಳ್ಳೆಂದು ತಿಳಿಯುವಷ್ಟರಲ್ಲಿ ಆ ಹುಡುಗನ ಮದುವೆ ಬೇರೆ ಕಡೆ ಆಗಿತ್ತು. ಅವಳನ್ನು ಮನೆಯಲ್ಲಿಟ್ಟುಕೊಂಡು ಓದಿಸಿದ ಸೋದರತ್ತೆ, ಅಂದರೆ ಅಪ್ಪನ ತಂಗಿ, ಇವತ್ತು ಬೆಳಿಗ್ಗೆ ಕೂಡ ಛೇಡಿಸಿದ್ದರು. "ಅರ್ಧ ಮ್ಯಾರಥಾನ್ ಅಂತೀಯ, ಅದರಲ್ಲೂ ಅರ್ಧ ಓಡಿ ಬರ್ತೀಯ ಅಷ್ಟೇ ಕಣೇ!"

ಈಗ ನೋಡಿದರೆ ಇವಳು ನಿಂತರೆ ಇನ್ನೊಬ್ಬರ ಹೆಸರು ಅರ್ಧಕ್ಕೆ ನಿಲ್ಲುತ್ತದೆ!

ಮೂರನೇ ಕಿಲೋಮೀಟರಿನಲ್ಲಿ ಅವಳು ತನ್ನ ಕನ್ನಡಕದ ಅಂಗಡಿಯ ಕೆಲಸ ಹೇಳಿದಳು, ಅವನು ತಾನು ಲಿಫ್ಟ್ ಮೆಕ್ಯಾನಿಕ್ ಎಂದು ಹೇಳಿದ.

"ಲಿಫ್ಟ್ ಎರಡು ಮಹಡಿ ಮಧ್ಯೆ ನಿಂತುಬಿಡುತ್ತಲ್ಲ, ಆಗ ಜನ ಮೊದಲು ದೇವರನ್ನ ನೆನಪಿಸಿಕೊಳ್ತಾರೆ. ಆಮೇಲೆ ನನ್ನನ್ನ."

ಅವಳು ಉಸಿರು ಕಟ್ಟುವಷ್ಟು ನಕ್ಕಳು. "ಒಳಗೆ ಸಿಕ್ಕಿಹಾಕಿಕೊಂಡವರಿಗೆ ಏನು ಹೇಳ್ತೀರಿ?"

"ಮಾತಾಡ್ತಾ ಇರಿ ಅಂತೀನಿ. ಸುಮ್ಮನಾದವರಿಗೇ ಭಯ ಜಾಸ್ತಿ. ನಿಮ್ಮ ಕೆಲಸದಲ್ಲಿ?"

"ಊಹೆ ಮಾಡಬೇಡಿ, ಕಂಡಿದ್ದು ಮಾತ್ರ ಹೇಳಿ ಅಂತೀನಿ. ಅರ್ಧ ಅಕ್ಷರ ನೋಡಿ ಉಳಿದದ್ದನ್ನ ಊಹಿಸಿಬಿಡ್ತಾರೆ ಜನ."

"ನನಗೆ ಕಣ್ಣು ಪರೀಕ್ಷೆ ಅಂದ್ರೆ ಪ್ರಾಣಸಂಕಟ ಕಣ್ರೀ. ಒಂದನೇದು ಚೆನ್ನಾಗಿದೆಯಾ ಎರಡನೇದಾ ಅಂತ ಕೇಳ್ತೀರಲ್ಲ... ಎರಡೂ ಒಂದೇ ಥರ ಕಾಣುತ್ತೆ. ತಪ್ಪು ಹೇಳಿದ್ರೆ ಎಲ್ಲಿ ಬೈತೀರೋ ಅಂತ..."

"ಗೊತ್ತಾಗ್ತಿಲ್ಲ ಅನ್ನಿ. ಮತ್ತೆ ತೋರಿಸ್ತೀವಿ."

ಪೆಟ್ರೋಲ್ ಬಂಕು ದಾಟಿತು, ಆಸ್ಪತ್ರೆಯ ಉದ್ದನೆಯ ಗೋಡೆ ದಾಟಿತು, ಸೇತುವೆಯೂ ದಾಟಿತು. ಮಹಡಿಯಿಂದ ಮಕ್ಕಳು ಕೈ ಬೀಸಿದರು. ನೀರಿನ ಮೇಜು ಬಂದಾಗಲೆಲ್ಲ ಅವನು ಎರಡು ಲೋಟ ಎತ್ತಿಕೊಳ್ಳುತ್ತಿದ್ದ. 'ಕನ್ನಡಕದವರೇ, ತಗೊಳ್ಳಿ' ಎನ್ನುವ ಆ ದನಿಗೆ ಒಂಬತ್ತನೇ ಕಿಲೋಮೀಟರಿನ ಹೊತ್ತಿಗೆ ಅವಳ ಕಿವಿ ಕಾಯತೊಡಗಿತ್ತು.

ಇದೇನಾಗ್ತಿದೆ ನನಗೆ? ಗಂಟೆ ಹಿಂದೆ ಬೈದಿದ್ದೆನಲ್ಲ ಇವನನ್ನ!

ಹನ್ನೆರಡನೇ ಕಿಲೋಮೀಟರಿನಲ್ಲಿ ಹಿಮ್ಮಡಿಯ ಬೊಬ್ಬೆ ಒಡೆಯಿತು. ಅವನು ಅವಳನ್ನು ಚಿಕಿತ್ಸೆಯ ಡೇರೆಗೆ ಕರೆತಂದು, ತಾನು ಹೊರಗೆ ನಿಂತ. ನರ್ಸಮ್ಮ ಕಾಲಿಗೆ ಪಟ್ಟಿ ಸುತ್ತುತ್ತಿದ್ದರೆ ಇವಳಿಗೆ ಬಿಬ್ಬಿನ ಕೆಳಗಿನ ಪಿನ್ನು ಚುಚ್ಚಿತು. ಪಿನ್ನು ಬಿಚ್ಚಿ ತುದಿ ಎತ್ತಿದಳು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಓಟಗಾರನ ವಿವರ ಅಚ್ಚಾಗಿತ್ತು. ಇದು ಮಾತ್ರ ಅವಳಿಗೆ ನೆಟ್ಟಗೇ ಕಂಡಿತು. ರಕ್ತದ ಗುಂಪು. ತುರ್ತು ಸಂಪರ್ಕದ ಫೋನ್ ನಂಬರ್. ಅದರ ಕೆಳಗೆ ಸಮಯ ಅಳೆಯುವ ಚಿಪ್ಪಿನ ದಪ್ಪ ಪಟ್ಟಿ ಅಂಟಿಸಿದ್ದರು. ಪಟ್ಟಿಯ ಎರಡೂ ಪಕ್ಕದಲ್ಲಿ...

'ಸಂಬಂಧ: ಮನೆಯವರು.'

ಮನೆಯವರು! ಅಂದರೆ... ಹೆಂಡತಿ!

ಮದುವೆಯಾಗಿದೆ. ಆಗದೆ ಏನು? ಇಷ್ಟು ಒಳ್ಳೆಯ ಗಂಡಸು ಖಾಲಿ ಕೂತಿರುತ್ತಾನೆಯೇ? ಆದರೆ ಒಂದು ಮಾತು ಹೇಳಬಹುದಿತ್ತಲ್ಲ? ಯಾಕೆ ಹೇಳಬೇಕು, ನಾನು ಕೇಳಿದೆನಾ? ಅಷ್ಟಕ್ಕೂ ಅವನೇನು ಮಾಡಿದ? ನೀರು ಕೊಟ್ಟ. ನೀರು ಕೊಟ್ಟವರೆಲ್ಲ ಪ್ರೀತಿಸುತ್ತಾರಾ? ಛೆ!

ಮುಖ ಗಂಟಿಕ್ಕಿಕೊಂಡು ಹೊರಗೆ ಬಂದರೆ, ಅವನ ಮುಖ ಅದಕ್ಕಿಂತ ಗಂಟಾಗಿತ್ತು!

"ಹೋಗೋಣ್ವಾ ಮೇಡಂ?"

ಮೇಡಂ?! ಕನ್ನಡಕದವರೇ ಎನ್ನುತ್ತಿದ್ದವನು ಈಗ ಮೇಡಂ ಎನ್ನುತ್ತಾನೆ! ಓದಿದವಳು ನಾನು, ಮುಖ ಊದಿಸಿಕೊಂಡವನು ಇವನು. ಇದ್ಯಾವ ನ್ಯಾಯ?

ಮುಂದಿನ ಐದು ಕಿಲೋಮೀಟರು ಇಬ್ಬರ ನಡುವೆ ಮಾತೇ ಇರಲಿಲ್ಲ. ಅವನು ಒಂದು ಮಾರು ದೂರ ಬಿಟ್ಟು ಓಡುತ್ತಿದ್ದ. ನೀರಿನ ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲೆ ಅವಳತ್ತ ಸರಿಸಿದ. ಹಾಗಂತ ಬಿಟ್ಟು ಹೋಗುತ್ತಲೂ ಇರಲಿಲ್ಲ. ಅವಳು ಕುಂಟಿದರೆ ನಿಧಾನವಾಗುತ್ತಿದ್ದ, ನೋಡಿದರೆ ಮುಖ ತಿರುಗಿಸುತ್ತಿದ್ದ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಕೋಪ ಬರಬೇಕೋ ಅಳು ಬರಬೇಕೋ ಅದೂ ತಿಳಿಯಲಿಲ್ಲ.

ಹದಿನೇಳನೇ ಕಿಲೋಮೀಟರಿನ ಫಲಕದ ಕೆಳಗೆ ಅವಳು ಫುಟ್‌ಪಾತಿನ ಅಂಚಿನಲ್ಲಿ ಕೂತೇಬಿಟ್ಟಳು.

"ನನ್ನಿಂದ ಆಗಲ್ಲ. ಹೋಗಿ ನೀವು."

"ಕಾಲು ನೋವಾ?"

"ಎಲ್ಲಾ ನೋವು!"

ಅವನು ಸ್ವಲ್ಪ ದೂರ ಬಿಟ್ಟು ತಾನೂ ಕೂತ. ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ.

"ನಾನು ನಿಂತ್ರೆ ನಿಮ್ಮ ಹೆಸರೂ ಅರ್ಧಕ್ಕೆ ನಿಲ್ಲುತ್ತೆ, ಅಲ್ವಾ?" ಅವಳೇ ಕೇಳಿದಳು.

"ನಿಲ್ಲಲಿ ಬಿಡಿ ಮೇಡಂ. ಕಾಲಿಗಿಂತ ಹೆಸರು ದೊಡ್ಡದಲ್ಲ. ಆದರೆ ನಾನು ಹೋಗೋದಿಲ್ಲ. ನೀವು ಎದ್ದಾಗ ಏಳ್ತೀನಿ."

ಹೆಂಡತಿ ಇರುವವನು ಇಷ್ಟು ಒಳ್ಳೆಯವನಾಗಿರಬಾರದು! ಅವಳು ಸಿಟ್ಟಿನಿಂದಲೇ ಎದ್ದಳು, ಸಿಟ್ಟಿನಿಂದಲೇ ಓಡಿದಳು. ಉಳಿದ ನಾಲ್ಕು ಕಿಲೋಮೀಟರು ಹೇಗೆ ಮುಗಿಯಿತೆಂದು ಇವತ್ತಿಗೂ ಅವಳಿಗೆ ನೆನಪಿಲ್ಲ. ನೆನಪಿರುವುದು ಕೊನೆಯ ಹತ್ತು ಹೆಜ್ಜೆ ಮಾತ್ರ. ಅವನು ಕೈ ಚಾಚಲಿಲ್ಲ, ಆದರೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಇಬ್ಬರ ಪಾದ ಒಟ್ಟಿಗೇ ಗೆರೆ ಮೆಟ್ಟಿತು.

ಮುಗಿಸಿದ್ದಳು. ಜೀವನದಲ್ಲಿ ಮೊದಲ ಸಲ ಏನನ್ನೋ ಪೂರ್ತಿ ಮುಗಿಸಿದ್ದಳು!

ಕೊರಳಿಗೆ ಪದಕ ಬಿತ್ತು. "ಥ್ಯಾಂಕ್ಸ್ ಮೇಡಂ. ಹುಷಾರಾಗಿ ಹೋಗಿ," ಎಂದು ಅವನು ನೆಲ ನೋಡಿಕೊಂಡು ಹೇಳಿದ. ಅವಳು ತಲೆಯಾಡಿಸಿ ನಡೆದುಬಿಟ್ಟಳು. ದೂರದ ಬೇಲಿಯ ಬಳಿ ಸೋದರತ್ತೆ ಕೈ ಬೀಸುತ್ತಿದ್ದರು. ಹತ್ತು ಹೆಜ್ಜೆ... ಇಪ್ಪತ್ತು ಹೆಜ್ಜೆ...

ಅಲ್ಲಿ ಅವಳ ಕಾಲು ನಿಂತಿತು.

ಮತ್ತೆ ಅದೇ! ಒಂದು ಮಾತೂ ಕೇಳದೆ ಅರ್ಧದಲ್ಲೇ ಹೊರಟಿದ್ದೇನೆ! ಏನು ಉತ್ತರ ಬಂದರೂ ಬರಲಿ, ಕೇಳಿಯೇ ಹೋಗುತ್ತೇನೆ. ಸುಮ್ಮನಾದವರಿಗೇ ಭಯ ಜಾಸ್ತಿ ಎಂದವನು ಅವನೇ ತಾನೆ?

ಕುಂಟುತ್ತಾ ವಾಪಸ್ಸು ಬಂದಳು. ಅವನು ಇನ್ನೂ ಅಲ್ಲೇ, ಅದೇ ಜಾಗದಲ್ಲಿ ನಿಂತಿದ್ದ.

"ನಿಮ್ಮ ಮನೆಯವರು ಬಂದಿಲ್ವಾ?"

ಅವನು ಗಲಿಬಿಲಿಗೊಂಡ. "ಯಾರು?"

"ಮನೆಯವರು! ಬಿಬ್ ಹಿಂದೆ ಬರೆಸಿದ್ದೀರಲ್ಲ!"

"ಓ, ಅವರಾ? ಬರ್ತೀನಿ ಅಂದಿದ್ರು. ಮೊಣಕಾಲು ನೋವು ಪಾಪ. ಅವರ ಯಜಮಾನರು ಸ್ಕೂಟರಲ್ಲಿ ಕರ್ಕೊಂಡು ಬರಬೇಕಿತ್ತು."

"ಅವರ... ಯಜಮಾನರಾ?!"

ಅವಳ ತಲೆ ಗಿರ್ರೆಂದಿತು. ನಿಮ್ಮ ಮನೆಯವರಿಗೆ ಬೇರೆ ಯಜಮಾನರು ಹೇಗ್ರೀ ಬಂದರು ಎಂದು ಹೇಗೆ ಕೇಳುವುದು? ಸುಮ್ಮನೆ ಬಿಬ್ಬನ್ನು ಮೇಲೆತ್ತಿ ಆ ಸಾಲಿನ ಮೇಲೆ ಬೆರಳಿಟ್ಟಳು.

ಅವನು ಬಗ್ಗಿ ನೋಡಿದ. ಆಮೇಲೆ ಉಗುರಿನಿಂದ ಚಿಪ್ಪಿನ ಪಟ್ಟಿಯನ್ನು ಮೆಲ್ಲಗೆ ಸುಲಿದ. ಅದರಡಿಯಲ್ಲಿ ಇನ್ನೊಂದು ಪದವಿತ್ತು.

'ಕೆಳಗಿನ ಮನೆಯವರು.'

"ನಾನು ಮೇಲಿನ ಮನೇಲಿ ಒಬ್ಬನೇ ಇರೋದು. ಅಕ್ಕನ ಮನೆ ದೂರ. ಏನಾದ್ರೂ ಆದ್ರೆ ಬೇಗ ಓಡಿ ಬರೋರು ಬೇಕಲ್ಲ, ಅದಕ್ಕೆ ಕೆಳಗಿನ ಮನೆಯವರ ನಂಬರ್ ಕೊಟ್ಟಿದ್ದೆ. ಯಾಕೆ, ನೀವು ಏನಂದ್ಕೊಂಡ್ರಿ?"

ಊಹೆ ಮಾಡಬೇಡಿ, ಕಂಡಿದ್ದು ಮಾತ್ರ ಹೇಳಿ ಎಂದು ದಿನವೂ ನಲವತ್ತು ಜನರಿಗೆ ಹೇಳುವವಳು ಅವಳು! ನಗು ಒತ್ತರಿಸಿ ಬಂತು, ಅದರ ಬೆನ್ನಿಗೇ ಕಣ್ಣೀರೂ ಬಂತು.

"ಹಾಗಾದ್ರೆ ನೀವು ಯಾಕ್ರೀ ಮುಖ ಊದಿಸ್ಕೊಂಡಿದ್ದು? ಮೇಡಂ ಅಂತೆ, ಮೇಡಂ!"

ಅವನು ತನ್ನ ಎದೆಯ ಬಿಬ್ ತಿರುವಿ ತೋರಿಸಿದ. ಅವಳದೇ ವಿವರ. 'ಸಂಬಂಧ: ಅತ್ತೆ.'

"ಡೇರೆ ಹೊರಗೆ ನಿಂತಾಗ ಓದಿದೆ. ಅತ್ತೆ ಇದ್ದಾರೆ ಅಂದ ಮೇಲೆ... ಅವರ ಮಗನೂ ಇರ್ತಾರಲ್ಲ."

ಅಷ್ಟರಲ್ಲಿ ಸೋದರತ್ತೆ ಏದುಸಿರು ಬಿಡುತ್ತಾ ಬಂದರು. "ಏನೇ ಇದು? ಬರ್ತಾ ಇದ್ದವಳು ವಾಪಸ್ ಓಡ್ತೀಯಲ್ಲೇ? ಯಾರಪ್ಪಾ ಇವರು?"

"ಅತ್ತೆ, ನಿಮ್ಮ ಮಗ ಎಲ್ಲಿ ಅಂತ ಕೇಳ್ತಿದ್ದಾರೆ!"

"ಮಗನಾ? ನಾನೇ ಮದುವೆಯಾಗಿಲ್ಲ ಕಣಪ್ಪಾ, ಮಗ ಎಲ್ಲಿಂದ ಉದುರ್ತಾನೆ? ಇವಳು ನಮ್ಮಣ್ಣನ ಮಗಳು!"

ಅವನು ಪದಕವನ್ನು ಕೈಯಲ್ಲಿ ಹಿಡಿದುಕೊಂಡು ಪೆದ್ದುಪೆದ್ದಾಗಿ ನಕ್ಕ. ಆ ನಗು ನೋಡಿ ಸೋದರತ್ತೆಗೆ ಎಲ್ಲ ಅರ್ಥವಾಯಿತು. ಅರ್ಥವಾಗದವರಂತೆ ನೀರು ಹುಡುಕಿಕೊಂಡು ಹೋದರು.

ಆಮೇಲೆ ಎಂಟು ತಿಂಗಳು. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಸೇತುವೆಯವರೆಗೆ ಓಡುತ್ತಿದ್ದರು. ಅಲ್ಲಿ ನಿಂತು ಕಾಫಿ ಕುಡಿದು, ನಡೆದುಕೊಂಡು ವಾಪಸ್ಸು ಬರುತ್ತಿದ್ದರು. ಎಲ್ಲ ಮಾತೂ ಆಗಿತ್ತು, ಒಂದನ್ನು ಬಿಟ್ಟು. ಇವನ ಮನಸ್ಸಿನಲ್ಲಿರುವುದು ಸ್ನೇಹವೋ ಇನ್ನೇನೋ ಎಂದು ಅವಳಿಗೆ ಗೊಂದಲ. ಒಂದು ಭಾನುವಾರ ಹೌದು ಎನ್ನಿಸುತ್ತಿತ್ತು, ಮರುಭಾನುವಾರ ಅಲ್ಲ ಎನ್ನಿಸುತ್ತಿತ್ತು. ಕೇಳಬೇಕು ಎಂದು ಹೊರಟು, ಸೇತುವೆ ಬಂದೊಡನೆ ಹವಾಮಾನದ ಬಗ್ಗೆ ಮಾತಾಡಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅಂಗಡಿಗೇ ಬಂದ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತ. ಕೈಯಲ್ಲೊಂದು ಮಡಿಸಿದ ಕಾಗದವಿತ್ತು.

"ಕಣ್ಣಿಗೇನಾಯ್ತು?"

"ಕಣ್ಣು ಚೆನ್ನಾಗಿದೆ. ಈ ವರ್ಷದ ಓಟದ ಅರ್ಜಿ ತುಂಬ್ತಿದ್ದೆ. ಒಂದು ಕಡೆ ನಿಂತುಹೋಯ್ತು." ಅವನು ಕಾಗದ ಬಿಚ್ಚಿ ಹಿಡಿದ. "ತುರ್ತು ಸಂಪರ್ಕಕ್ಕೆ ನಿಮ್ಮ ನಂಬರ್ ಬರ್ದಿದ್ದೀನಿ. ಪಕ್ಕದಲ್ಲಿ ಸಂಬಂಧ ಅಂತ ಕೇಳ್ತಿದ್ದಾರೆ. ಅಲ್ಲಿ ಏನು ಬರೀಬೇಕೋ... ಮೂರು ದಿನದಿಂದ ಗೊತ್ತಾಗ್ತಿಲ್ಲ. ಊಹೆ ಮಾಡಬಾರದು ಅಂತ ನೀವೇ ಹೇಳಿದ್ರಲ್ಲ."

ಅವಳು ಅರ್ಜಿ ನೋಡಿದಳು. ಅವಳ ಫೋನ್ ನಂಬರ್. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದು, ಒರೆಸಿ, ಮತ್ತೆ ಬರೆದು ಒರೆಸಿ ತೆಳುವಾಗಿದ್ದ ಜಾಗ. ಎಂಟು ತಿಂಗಳಿಂದ ಇವನಿಗೂ ಇದೇ ಗೊಂದಲವೇ!

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಅಕ್ಷರ ಒಂದೊಂದನ್ನೂ ಪೂರ್ತಿಯಾಗಿ ಬರೆದಳು.

'ಮನೆಯವರು.'

ಅವನು ಅರ್ಜಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದ.

"ಮುಂದೆ... ಕೆಳಗಿನ, ಪಕ್ಕದ ಅಂತ ಏನಾದ್ರೂ ಸೇರಿಸಬೇಕಾ?"

"ಬೇಡ. ಈ ಸಲ ಅಷ್ಟೇ."

"ಇಷ್ಟು ಹತ್ತಿರ ಹಿಡಿದ್ರೂ ನಂಬೋಕಾಗ್ತಿಲ್ಲ ನನಗೆ. ಮತ್ತೆ ತೋರಿಸ್ತೀರಾ?"

ಅವಳು ಒದ್ದೆ ಕಣ್ಣಲ್ಲೇ ನಕ್ಕಳು.

"ದಿನಾ ತೋರಿಸ್ತೀನಿ... ರೀ."