ಮದ್ದೂರು ದಾಟಿ ಹೋದ ತಂಡ

ಮಳವಳ್ಳಿಯ ಮೈದಾನದಲ್ಲಿ ಆಟಗಾರರು ಯಾರೂ ಇರಲಿಲ್ಲ.

ಗೋಲಿನ ಕಂಬಗಳಿದ್ದವು. ಅವುಗಳ ನಡುವೆ ಎರಡು ಎಮ್ಮೆಗಳು ಮೇಯುತ್ತಿದ್ದವು. ಸುಣ್ಣದ ಗೆರೆಯಿಲ್ಲ, ನೋಡುವ ಜನರಿಲ್ಲ, ಎದುರಾಳಿ ತಂಡವೇ ಇಲ್ಲ! ೧೯೩೭ರ ಡಿಸೆಂಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರೂವರೆ. ನಾಲ್ಕಕ್ಕೆ ಫೈನಲ್ ಪಂದ್ಯ. ಮಂಡ್ಯದ ನಮ್ಮ ಹೈಸ್ಕೂಲಿನ ಹನ್ನೊಂದು ಆಟಗಾರರು ಬಸ್ಸಿನ ಧೂಳನ್ನೂ ಕೊಡವಿಕೊಳ್ಳದೆ ಬೆಪ್ಪಾಗಿ ನಿಂತಿದ್ದರು.

"ಏನ್ಲಾ ಸಂಪತ್ತು, ಎಲ್ಗ್ ಕರ್ಕಂಡ್ ಬಂದ್ಯಲಾ ನಮ್ಮ?" ಕ್ಯಾಪ್ಟನ್ ಹೊನ್ನಯ್ಯ ನನ್ನತ್ತ ತಿರುಗಿದ.

ನಾನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ಸಂಪತ್ ಕುಮಾರ. ಚರ್ಚಾಕೂಟ, ಕೈಬರಹದ ಪತ್ರಿಕೆ, ಫುಟ್‌ಬಾಲ್ ತಂಡ—ಎಲ್ಲದರ ಕಾಗದಪತ್ರವೂ ನನ್ನದೇ. ಮೈಸೂರಿನ ಪಂದ್ಯ ಸಮಿತಿಯ ಕಾರ್ಡು ಓದಿ, ‘ಶನಿವಾರ ನಾಲ್ಕಕ್ಕೆ, ಮಳವಳ್ಳಿಯಲ್ಲಿ’ ಎಂದು ಬೋರ್ಡಿನ ಮೇಲೆ ಬರೆದವನೂ ನಾನೇ.

ಎಮ್ಮೆ ಕಾಯುತ್ತಿದ್ದ ಅಂಕಮ್ಮ ಎಂಬ ಮುದುಕಿ ಹತ್ತಿರ ಬಂದಳು.

"ನಮ್ಮೂರ್ ಐಕ್ಳು ಒತ್ತಾರೇನೇ ಮದ್ದೂರ್ಗ್ ಓದ್ರಲ್ಲಪ್ಪ. ಆಟ ಅಲ್ಲಂತೆ. ನೀವ್ಯಾಕ್ ಇಲ್ಲಿಗ್ ಬಂದ್ರಿ?"

ಮದ್ದೂರು! ನಮ್ಮ ಬಸ್ಸು ಬಂದದ್ದೇ ಮದ್ದೂರಿನ ಮೇಲೆ. ಅಲ್ಲಿ ಹತ್ತು ನಿಮಿಷ ನಿಂತೂ ಇತ್ತು. ಹೊನ್ನಯ್ಯ ಇಳಿದು ಬಾಳೆಹಣ್ಣು ತಂದಿದ್ದ. ಪುಟ್ಟರಾಜು ನೀರು ಕುಡಿದು ಬಂದಿದ್ದ. ಎಡ ಅಂಚಿನಲ್ಲಿ ಓಡುವ ನಮ್ಮ ಲೆಫ್ಟ್ ಔಟ್ ಆಟಗಾರ ಕಸ್ತೂರಿರಂಗ ತಲೆನೋವೆಂದು ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿಯೇ ಇದ್ದ. ಆಟ ಅಲ್ಲೇ ಎಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲವೆ?

ಮುಂದಿನ ಬಸ್ಸು ಐದೂವರೆಗೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಂದು ಪಂದ್ಯವನ್ನೂ ಸೋಲದೆ ಫೈನಲ್ಲಿಗೆ ಬಂದ ತಂಡ, ಚೆಂಡು ಮುಟ್ಟದೆ ಸೋತಿತ್ತು.

ಹೊನ್ನಯ್ಯ ಪುಟ್ಟರಾಜುವಿನ ಕೊರಳಪಟ್ಟಿ ಹಿಡಿದ. "ನಿಂದೇ ಕಣ್ಲಾ ಈ ಕೆಲ್ಸ! ಟೀಮಿಂದ ತೆಗುದ್ರು ಅಂತ ಹೊಟ್ಟೆಕಿಚ್ಚು. ನಿಮ್ಮವ್ವನ ತೌರೂ ಇದೇ ಊರು!"

"ಬುಡ್ಲಾ ಹೊನ್ನಯ್ಯ! ನಂಗೇನ್ ಗೊತ್ತು? ನೀವ್ ಗೆಲ್ಲೋದ್ ನೋಡಾಣಾಂತ ಬಂದೆ."

ಮೂರು ವಾರದ ಹಿಂದೆ ಜಗಳವಾಡಿದ್ದಕ್ಕೆ ಪುಟ್ಟರಾಜುವನ್ನು ತಂಡದಿಂದ ಬಿಟ್ಟಿದ್ದರು. ಆದರೂ ಅವನು ನಮ್ಮ ಜೊತೆ ಬಸ್ಸು ಹತ್ತಿದ್ದ. ಯಾಕೆ? ಹೊನ್ನಯ್ಯನ ಕೈ ಎದ್ದೇಬಿಟ್ಟಿತು. ಪುಟ್ಟರಾಜುವಿನ ತುಟಿ ಒಡೆಯಿತು. ನಾವು ಯಾರೂ ಬಿಡಿಸಲು ಹೋಗಲಿಲ್ಲ. ರಂಗ ಗೋಲಿನ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಮರುದಿನ ಬೆಳಗ್ಗೆ ಹೆಡ್‌ಮಾಸ್ಟರು ಕಡ್ಡಿ ಮುರಿದಂತೆ ಹೇಳಿದರು: "ಸೋಮವಾರ ಬೆಳಗ್ಗೆಯೊಳಗೆ ನಿಜ ಹೊರಗೆ ಬರಬೇಕು. ಇಲ್ಲದಿದ್ದರೆ ಸಂಘಕ್ಕೆ ಬೀಗ. ಪುಟ್ಟರಾಜು ಹಾಸ್ಟೆಲು ಬಿಡಬೇಕಾಗುತ್ತದೆ."

ಹಾಸ್ಟೆಲು ಬಿಟ್ಟರೆ ಪುಟ್ಟರಾಜುವಿನ ಓದು ಮುಗಿದಂತೆಯೇ.

ಸಂಘದ ಅಧ್ಯಕ್ಷರು ನಮ್ಮ ವಿಜ್ಞಾನದ ಮೇಷ್ಟ್ರು, ಚಲುವನಾರಾಯಣ. ಮಾತು ಕಡಿಮೆ; ಪ್ರಯೋಗಶಾಲೆಯಲ್ಲಿ ನಾವು ತಪ್ಪು ಉತ್ತರ ಬರೆದರೆ ಬಯ್ಯುತ್ತಿರಲಿಲ್ಲ, "ಇನ್ನೊಂದು ಸಲ ನೋಡು" ಎನ್ನುತ್ತಿದ್ದರು. ಅವರು ನನ್ನನ್ನು ಸಂಘದ ಕೋಣೆಗೆ ಕರೆದರು.

"ಕಾರ್ಡು ಎಲ್ಲಿದೆ?"

ಕೊಟ್ಟೆ. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ‘ಸ್ಥಳ: ಮಳವಳ್ಳಿ.’ ಕೆಳಗೆ ಸಮಿತಿಯ ಕಾರ್ಯದರ್ಶಿಯ ರುಜು. ಒಂದು ಕಾಟೂ ಇಲ್ಲ, ತಿದ್ದುಪಡಿಯೂ ಇಲ್ಲ. ಹಳೆಯ ಕಾರ್ಡುಗಳ ಪಕ್ಕದಲ್ಲಿಟ್ಟೆ. ಅಕ್ಷರ ಅದೇ!

"ನಾನು ತಪ್ಪು ಓದಲಿಲ್ಲ ಸಾರ್. ಸಮಿತಿಯವರೇ ತಪ್ಪು ಬರೆದಿರಬಹುದೆ?"

ಮೇಷ್ಟ್ರು ಕಾರ್ಡನ್ನು ಆಚೆ ಈಚೆ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಜವಾನ ಮುದ್ದಯ್ಯನನ್ನು ಕರೆಸಿದರು.

"ಸಂಘದ ಟಪಾಲು ಎಲ್ಲಿ ಇಡ್ತೀಯ ಮುದ್ದಯ್ಯ?"

"ಈ ಮೇಜಿನ್ ಮ್ಯಾಲೇ ಬುದ್ಧಿ."

"ಬಾಗಿಲು?"

"ಅಗ್ಲೊತ್ತು ತೆಗ್ದೇ ಇರ್ತದೆ. ಐಕ್ಳು ಬತ್ತಾರೆ, ಓಯ್ತಾರೆ. ಪತ್ರಿಕೆ ಬರಿಯೋರು, ಚೆಂಡ್ ತಕ್ಕಳೋರು..."

"ಈ ವಾರ ಮೈಸೂರಿನ ಕಾರ್ಡು ಎಷ್ಟು ಬಂತು?"

ಮುದ್ದಯ್ಯ ತಲೆ ಕೆರೆದುಕೊಂಡ. "ನಂಗ್ ಓದಕ್ ಬರಾಕಿಲ್ವಲ್ಲ ಬುದ್ಧಿ. ಮಂಗಳ್ವಾರ ಒಂದ್ ಕಾರ್ಡ್ ಇಟ್ಟೆ. ಬೇಸ್ತವಾರ ಇನ್ನೊಂದು."

"ಮಂಗಳವಾರ ನನಗೆ ಯಾವ ಕಾರ್ಡೂ ಸಿಗಲಿಲ್ಲ!" ಎಂದೆ. ಹೇಳಿದ ಮೇಲೆ ಹೊಳೆಯಿತು: ಟಪಾಲು ನೋಡುವವನು ನಾನು. ಹಾಗಾದರೆ ಮೊದಲ ಅನುಮಾನ ಯಾರ ಮೇಲೆ?

ಆಮೇಲೆ ಪುಟ್ಟರಾಜು ಬಂದ. ತುಟಿ ಊದಿತ್ತು.

"ನೀನು ಈ ಕೋಣೆಗೆ ಯಾವಾಗ ಬಂದಿದ್ದೆ?"

"ಟೀಮಿಂದ ತೆಗುದ್ ಮ್ಯಾಕೆ ಬಂದೇ ಇಲ್ಲ ಸಾರ್."

"ಹೊನ್ನಯ್ಯ ಹೊಡೆದಾಗ ನೀನು ತಿರುಗಿ ಹೊಡೆಯಲಿಲ್ಲವಂತೆ?"

"ಅವ್ನೂ ಅಳ್ತಿದ್ದ ಸಾರ್. ಅಳೋನ್ಗೆ ಎಂಗ್ ಹೊಡಿಯಾದು?"

ಮೇಷ್ಟ್ರು ಎದ್ದರು. "ನಡಿ ಸಂಪತ್, ಮಳವಳ್ಳಿಗೆ."

ಮಳವಳ್ಳಿ ತಂಡದ ಕ್ಯಾಪ್ಟನ್ ಚಿಕ್ಕಮಾದುವಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶೀಲ್ಡು ಗೆದ್ದ ಸಡಗರ ಅಲ್ಲಿರಲಿಲ್ಲ. ಅವನೇ ಮುಖ ಸಪ್ಪಗೆ ಮಾಡಿಕೊಂಡಿದ್ದ.

"ಇದೇನ್ ಗೆಲುವಾ ಸಾರ್? ಖಾಲಿ ಗೋಲಿಗೆ ಒಂದ್ ಸಲ ಒದ್ದು ಬಂದೊ. ನಮ್ಗೂ ತಲೆಬುಡ ತಿಳಿನಿಲ್ಲ. ನೋಡಿ ಇದ್ನ! ನೆನ್ನೆ ನಾವ್ ಅತ್ತಗ್ ಓದ್ ಮ್ಯಾಕೆ ಬಂದದೆ."

ಅವನು ಕೊಟ್ಟದ್ದು ಒಂದು ಕಾರ್ಡು. ಅದೇ ಅಕ್ಷರ, ಅದೇ ರುಜು. ‘ಸ್ಥಳ ಬದಲಾಗಿದೆ. ಮದ್ದೂರಿನ ಬದಲು ಮಳವಳ್ಳಿಯಲ್ಲೇ ಆಡತಕ್ಕದ್ದು.’

ನಮ್ಮನ್ನು ಸೋಲಿಸಬೇಕೆಂದಿದ್ದವನು ಎದುರಾಳಿಗೂ ಯಾಕೆ ಕಾರ್ಡು ಬರೆದ? ಹಾಗಾದರೆ ಸಮಿತಿಯೇ ನಿಜವಾಗಿ ಸ್ಥಳ ಬದಲಾಯಿಸಿತೆ? ಬದಲಾಯಿಸಿದ್ದರೆ ರೆಫರಿ ಮದ್ದೂರಿಗೆ ಯಾಕೆ ಹೋದರು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿದೆ. ಮೇಷ್ಟ್ರು ಒಂದೇ ಮಾತು ಹೇಳಿದರು:

"ನಮ್ಮ ಪಂದ್ಯಗಳ ಪುಸ್ತಕ ತಂದುಕೊಡು. ಯಾವ ದಿನ ಯಾರು ಆಡಿದರು, ಅದು ಬೇಕು."

ಸೋಮವಾರ ಬೆಳಗ್ಗೆ ಸಂಘದ ಕೋಣೆಯಲ್ಲಿ ತಂಡವೆಲ್ಲ ಸೇರಿತು. ಪುಟ್ಟರಾಜು ಬಾಗಿಲ ಬಳಿ ನಿಂತಿದ್ದ. ಕಂಕುಳಲ್ಲಿ ಬಟ್ಟೆಯ ಗಂಟು. ಹಾಸ್ಟೆಲು ಬಿಡಲು ಸಿದ್ಧನಾಗಿಯೇ ಬಂದಿದ್ದ.

ಮೇಷ್ಟ್ರು ಎರಡು ಕಾರ್ಡುಗಳನ್ನೂ ಮೇಜಿನ ಮೇಲಿಟ್ಟರು. ಬರಹ ಕೆಳಗೆ, ವಿಳಾಸ ಮೇಲೆ.

"ಎಲ್ಲರೂ ಒಳಗಿನ ಬರಹ ಓದಿದಿರಿ. ಹೊರಗಿನ ಮುದ್ರೆ ಯಾರೂ ಓದಲಿಲ್ಲ. ಮೈಸೂರಿನಲ್ಲಿ ಹಾಕಿದ ಕಾರ್ಡಿನ ಮೇಲೆ ಯಾವ ಊರಿನ ಮುದ್ರೆ ಇರಬೇಕು ಹೊನ್ನಯ್ಯ?"

"ಮೈಸೂರಿಂದು ಸಾರ್."

"ಇಲ್ಲಿ ನೋಡು."

ಹೊನ್ನಯ್ಯ ಬಗ್ಗಿದ. ನಮಗೆ ಬಂದ ಕಾರ್ಡಿನ ಮೇಲೆ ಇದ್ದದ್ದು ಮಂಡ್ಯದ ಮುದ್ರೆ ಮಾತ್ರ. ಚಿಕ್ಕಮಾದುವಿಗೆ ಹೋದದ್ದರ ಮೇಲೆ ಮಂಡ್ಯ, ಮಳವಳ್ಳಿ. ಮೈಸೂರು ಎರಡರಲ್ಲೂ ಇಲ್ಲ!

"ಎರಡನ್ನೂ ಹಾಕಿದ್ದು ಈ ಊರಿನಲ್ಲಿ. ಮಂಗಳವಾರದ ನಿಜವಾದ ಕಾರ್ಡನ್ನು ಈ ಮೇಜಿನಿಂದ ತೆಗೆದವನು ಅದನ್ನೇ ನೋಡಿ, ಮದ್ದೂರು ಅನ್ನೋದನ್ನ ಮಳವಳ್ಳಿ ಮಾಡಿ ಹೊಸ ಕಾರ್ಡು ಬರೆದ. ಆದರೆ ನಾವು ಸೋಲಲಿ ಅನ್ನುವವನು ಎರಡನೇ ಕಾರ್ಡು ಹಾಕುತ್ತಿರಲಿಲ್ಲ. ಇವನಿಗೆ ಪಂದ್ಯ ನಡೆಯಬೇಕಿತ್ತು. ಮದ್ದೂರಿನಲ್ಲಿ ಮಾತ್ರ ನಡೆಯಬಾರದಿತ್ತು. ಪುಟ್ಟರಾಜು ತಂಡದಲ್ಲೇ ಇಲ್ಲ. ಎಲ್ಲಿ ಆಡಿದರೆ ಅವನಿಗೇನು?"

ಮೇಷ್ಟ್ರು ಪಂದ್ಯಗಳ ಪುಸ್ತಕ ತೆರೆದರು.

"ಮದ್ದೂರಿನವರ ಕಣ್ಣಿಗೆ ಬೀಳಲು ಹೆದರುವವನು ಯಾರು? ಈ ವರ್ಷ ಆರು ಪಂದ್ಯ ಆಡಿದ್ದೀರಿ. ಮದ್ದೂರು ತಂಡ ಇಲ್ಲಿಗೆ ಬಂದ ದಿನ ಒಬ್ಬನಿಗೆ ಮಾತ್ರ ಜ್ವರ. ಮಿಕ್ಕ ಐದರಲ್ಲೂ ಆಡಿದ್ದಾನೆ. ಶನಿವಾರ ಬಸ್ಸು ಮದ್ದೂರಿನಲ್ಲಿ ನಿಂತಾಗ ಅವನ ಮುಖದ ಮೇಲೆ ಟವೆಲು ಇತ್ತಂತೆ." ಮೇಷ್ಟ್ರು ತಿರುಗಿದರು. "ಹೌದೇನಪ್ಪ, ಕಸ್ತೂರಿರಂಗ?"

ರಂಗನೆ? ನಮ್ಮ ಗೋಲುಗಳಲ್ಲಿ ಅರ್ಧದಷ್ಟನ್ನು ಹೊಡೆದವನು? ಆ ಸೋಲಿಗೆ ನಮಗಿಂತ ಹೆಚ್ಚು ಕುಗ್ಗಿದವನು? ನನಗೆ ನಂಬಿಕೆಯಾಗಲಿಲ್ಲ. ಆದರೆ ರಂಗ ಆಗಲೇ ಎದ್ದು ನಿಂತಿದ್ದ.

"ನಾನೇ ಸಾರ್. ನಮ್ಮಪ್ಪ ಮದ್ದೂರಿನಲ್ಲಿ ಅರ್ಚಕರು. ಇಲ್ಲೇ ಪಕ್ಕದ ಗುತ್ತಲಲ್ಲಿ ಅತ್ತೆ ಮನೇಲಿದ್ದು ಓದ್ತಾ ಇದ್ದೀನಿ ಅಂತಷ್ಟೇ ಅವರಿಗೆ ಗೊತ್ತು. ಚರ್ಮದ ಚೆಂಡು ಒದೀತೀನಿ ಅಂತ ತಿಳಿದ್ರೆ ಅವತ್ತೇ ಸ್ಕೂಲು ಬಿಡಿಸ್ತಾರೆ."

"ಇನ್ನೊಂದು ಸಲ ಜ್ವರ ಅನ್ನಬಹುದಿತ್ತಲ್ಲ?"

"ಇದೇ ನನ್ನ ಕಡೇ ಪಂದ್ಯ ಸಾರ್. ಪರೀಕ್ಷೆ ಮುಗಿದ ಮೇಲೆ ಊರು, ಪೂಜೆ. ಆಡದೇ ಇರೋಕೆ ನನ್ನ ಕೈಲಿ ಆಗಲಿಲ್ಲ. ಎರಡನೇ ಕಾರ್ಡಿಗೆ ಅಕ್ಷರ ಸರಿಬರಲಿಲ್ಲ, ಎರಡು ಹರಿದು ಹಾಕಿದೆ. ಶುಕ್ರವಾರ ಸಂಜೆ ಟಪಾಲಿಗೆ ಹಾಕಿದೆ. ತಲುಪುತ್ತೆ ಅಂತಿದ್ದೆ..."

"ರೆಫರಿ?"

ರಂಗ ಕಣ್ಣು ಕಣ್ಣು ಬಿಟ್ಟ. "ಅದನ್ನ ಯೋಚನೇನೇ ಮಾಡಲಿಲ್ಲ ಸಾರ್."

ಹೊನ್ನಯ್ಯ ಮುಷ್ಟಿ ಬಿಗಿದು ಎದ್ದ. ಯಾರನ್ನು ಹೊಡೆಯಬೇಕೋ ತಿಳಿಯದೆ ಮತ್ತೆ ಕೂತ. ಪುಟ್ಟರಾಜು ಬಾಗಿಲಿನಿಂದಲೇ ಕೇಳಿದ:

"ಅಲ್ಲಾ ರಂಗ, ನನ್ ಬಾಯಲ್ಲಿ ರಕ್ತ ಬಂದಾಗ್ಲೂ ಸುಮ್ಕೆ ನಿಂತಿದ್ಯಲ್ಲೋ?"

ರಂಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಸಮಿತಿಗೆ ನಿಜ ಬರೆದರೆ ಇನ್ನೊಮ್ಮೆ ಆಡಿಸಬಹುದು" ಎಂದರು ಮೇಷ್ಟ್ರು. "ಬರೆದರೆ ನಿನ್ನ ಹೆಸರು ಬರುತ್ತೆ. ಮದ್ದೂರಿಗೂ ತಲುಪುತ್ತೆ."

"ಬರೀರಿ ಸಾರ್. ಅಪ್ಪನಿಗೆ ನಾನೇ ಹೇಳ್ತೀನಿ." ಮಧ್ಯಾಹ್ನದ ರೈಲಿಗೆ ರಂಗ ಒಬ್ಬನೇ ಹೊರಟ.

ಎರಡು ದಿನದ ಮೇಲೆ ಕ್ಲಾಸಿಗೆ ಬಂದ. ಸ್ಕೂಲು ಬಿಡಿಸಿರಲಿಲ್ಲ. ಅಪ್ಪ ಏನೆಂದರು ಎಂದು ಕೇಳಿದರೆ, "ಒಂದು ಮಾತೂ ಆಡಲಿಲ್ಲ ಕಣೋ" ಎಂದ. ಹೆಡ್‌ಮಾಸ್ಟರು ಅವನನ್ನು ತಂಡದಿಂದ ತೆಗೆದರು. ಅವನ ಜಾಗಕ್ಕೆ ಹೊನ್ನಯ್ಯ ತಾನೇ ಹಾಸ್ಟೆಲಿಗೆ ಹೋಗಿ ಪುಟ್ಟರಾಜುವನ್ನು ಕರೆತಂದ.

ಜನವರಿಯಲ್ಲಿ ಮದ್ದೂರಿನ ಮೈದಾನದಲ್ಲೇ ಆಟ ನಡೆಯಿತು. ನಾವು ಎರಡು ಗೋಲಿನಿಂದ ಸೋತೆವು. ಸೋತೆವು ನಿಜ, ಆದರೆ ಆಡಿ ಸೋತೆವು.

ಅಂದು ಆಟ ಅರ್ಧವಾಗಿದ್ದಾಗಿನ ಮಾತು. ಗೆರೆಯ ಆಚೆ ಪುಸ್ತಕ ಹಿಡಿದು ನಿಂತಿದ್ದ ನನ್ನ ಪಕ್ಕಕ್ಕೆ ಯಾರೋ ಬಂದರು. ನಾಮ, ಜುಟ್ಟು, ಹೊದ್ದ ಶಲ್ಯ. ಮುಖ ನೋಡಿದೊಡನೆ ರಂಗನ ತಂದೆಯೆಂದು ತಿಳಿಯಿತು. ಚೆಂಡು ತಮ್ಮ ಕಡೆ ಉರುಳಿದಾಗ ಎರಡು ಹೆಜ್ಜೆ ಹಿಂದೆ ಸರಿದರು, ಹೊರಟುಹೋಗಲಿಲ್ಲ. ಆಮೇಲೆ ಕೇಳಿದರು:

"ಇದರಲ್ಲಿ ನಮ್ಮ ಹುಡುಗ ಎಲ್ಲಿ ನಿಲ್ತಿದ್ದನಪ್ಪ?"

ನಾನು ಎಡಗಡೆಯ ಅಂಚು ತೋರಿಸಿದೆ. ಅಲ್ಲಿ ಪುಟ್ಟರಾಜು ಓಡುತ್ತಿದ್ದ. ಅವರು ಶಲ್ಯ ಸರಿಮಾಡಿಕೊಂಡು, ಚೆಂಡು ಎತ್ತ ಹೋದರೂ ಅತ್ತ ತಿರುಗದೆ, ಕಡೆಯ ಸೀಟಿ ಊದುವವರೆಗೂ ಆ ಜಾಗವನ್ನೇ ನೋಡುತ್ತ ನಿಂತಿದ್ದರು.