ಲಿಯಾನ್ ನಗರದ ಬೀದಿನಾಯಿಗಳು

2019ರ ಅಕ್ಟೋಬರ್ 8, ಮಂಗಳವಾರ, ವಿಜಯದಶಮಿ. ಬೆಳಿಗ್ಗೆ 8.20ಕ್ಕೆ ದ್ವಾರಕಾನಾಥ್ ನೈರೋಬಿಯ ಪೊಲೀಸ್ ಠಾಣೆಗೆ ಬಂದರು. ರಿವರ್‌ಸೈಡಿನ ಅವರ ಕಚೇರಿಯಿಂದ, ಫೋನ್ ಕರೆಗಳ ಧ್ವನಿಮುದ್ರಣವಿದ್ದ ಸರ್ವರ್ ಪೆಟ್ಟಿಗೆ ಮಾಯವಾಗಿತ್ತು. ನಾವು ಎಫ್‌ಐಆರ್ ಅನ್ನುವುದಕ್ಕೆ ಇಲ್ಲಿ ಓಬಿ ನಂಬರು ಎನ್ನುತ್ತಾರೆ. ಹೆಸರು ಬೇರೆ, ಬರೆದುಕೊಳ್ಳುವವರ ಆಕಳಿಕೆ ಒಂದೇ.

ಇನ್‌ಸ್ಪೆಕ್ಟರ್ ವಲೇರಿಯನ್ ಆಕಳಿಸುವ ಜಾಯಮಾನದವರಲ್ಲ. ಅಜ್ಜ ಮಂಗಳೂರಿನಿಂದ ರೈಲ್ವೆ ಕೆಲಸಕ್ಕೆ ಬಂದವರು. ಮೊಮ್ಮಗನಿಗೆ ಮನೆಯಲ್ಲಿ ಕೊಂಕಣಿ, ಠಾಣೆಯಲ್ಲಿ ಸ್ವಾಹಿಲಿ. ಕನ್ನಡ ಹಬ್ಬದ ಬಟ್ಟೆಯ ಹಾಗೆ ಅಪರೂಪಕ್ಕೆ ಹೊರಬರುತ್ತಿತ್ತು.

"ಪೆಟ್ಟಿಗೆಯಲ್ಲಿ ಎಂಥ ಉಂಟು?"

"ಫ್ರಾನ್ಸಿನ ಲಿಯಾನಲ್ಲಿ ಬರೋ ಮಾರ್ಚಿಗೆ ಮೇಯರ್ ಎಲೆಕ್ಷನ್ ಸರ್. ಇಲ್ಲಿಂದ ಅಲ್ಲಿನ ವೋಟರ್‌ಗಳಿಗೆ ಫೋನ್ ಮಾಡಿ ಸರ್ವೆ ಮಾಡ್ತೀವಿ. ಕಾಂಗೋದಿಂದ ಬಂದ ನಿರಾಶ್ರಿತ ಹುಡುಗ್ರಿಗೆ ಫ್ರೆಂಚ್ ಬರುತ್ತಲ್ಲ, ಅವ್ರು ಮಾತಾಡ್ತಾರೆ."

"ಯಾರ ಮೇಲೆ ಅನುಮಾನ?"

"ಬಹಾತಿ ಅಂತ, ಅವರಲ್ಲೇ ಒಬ್ಬ. ನಿನ್ನೆ ಎಲ್ಲ ಹೋದ್ಮೇಲೆ ವಾಪಸ್ ಬಂದು, ಚೀಲ ಹಿಡ್ಕೊಂಡು ಹೋದನಂತೆ."

ಮಧ್ಯಾಹ್ನದೊಳಗೆ ಬಹಾತಿ ಲಾಕಪ್ಪಿನಲ್ಲಿದ್ದ. ಮರೆತ ಕೊಡೆ ತರಲು ಬಂದಿದ್ದೆ ಎಂಬುದೊಂದೇ ಅವನ ಉತ್ತರ. ಮರುದಿನ ಬೆಳಿಗ್ಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಕಳ್ಳತನದ ಮೊಕದ್ದಮೆ ಬಿದ್ದರೆ ನಿರಾಶ್ರಿತನಿಗೆ ನಗರದಲ್ಲಿರುವ ಅನುಮತಿ ಹೋಗಿ, ಸಂಸಾರ ಸಮೇತ ಉತ್ತರದ ಬೆಂಗಾಡಿನ ಶಿಬಿರಕ್ಕೆ ಗಂಟುಮೂಟೆ ಕಟ್ಟಬೇಕು. ಠಾಣೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ವಲೇರಿಯನ್ ಚಹಾ ತರಿಸಿದರು, ಕುಡಿಯಲಿಲ್ಲ. ಕೂತರು, ಎದ್ದರು. ಕೊನೆಗೆ ಕಾನ್‌ಸ್ಟೆಬಲ್ ಚೆಬೆಟ್‌ಳನ್ನು ಕರೆದುಕೊಂಡು ಜೀಪು ಹತ್ತಿದರು.

ಕಚೇರಿಯಲ್ಲಿ 2.40ಕ್ಕೆ ಪಂಚನಾಮೆ ಶುರುವಾಯಿತು. ಹಿಂದಿನ ದಿನ ಆಯುಧಪೂಜೆ. ಕಂಪ್ಯೂಟರುಗಳ ಹಣೆಗೆಲ್ಲ ಕುಂಕುಮ, ತಲೆಗೆಲ್ಲ ಸೇವಂತಿಗೆ. ಪೆಟ್ಟಿಗೆ ಇದ್ದ ಮೇಜಿನ ಮೇಲೆ ಧೂಳಿಲ್ಲದ ಚೌಕವೊಂದು ಉಳಿದಿತ್ತು. ಪೆಟ್ಟಿಗೆಗೆ ಮುಡಿಸಿದ್ದ ಹೂವು ಕಿತ್ತು ಬಿದ್ದಿರಲಿಲ್ಲ, ಪಕ್ಕದ ಯಂತ್ರದ ಮೇಲೆ ಜೋಪಾನವಾಗಿ ಕೂತಿತ್ತು. ಚೌಕದ ನಟ್ಟನಡುವೆ ನಾಲ್ಕಾರು ಅರಿಶಿನದ ಅಕ್ಕಿಕಾಳು.

ಪೆಟ್ಟಿಗೆ ಇದ್ದಾಗ ಅಕ್ಕಿ ಅದರ ಅಡಿಗೆ ನುಸುಳಲಾರದು. ಪೂಜೆ ಮಾಡಿಸಿದ್ದ ದ್ವಾರಕಾನಾಥರ ಹೆಂಡತಿ ಊರ್ಮಿಳಾ ಅಲ್ಲೇ ನಿಂತಿದ್ದರು.

"ಇದು ಎಂಥದು ಅಮ್ಮಾ? ನಾನು ಇಗರ್ಜಿಯವ, ನನಗೆ ಗೊತ್ತಾಗುವುದಿಲ್ಲ."

"ಅಕ್ಷತೆ. ಪೂಜೆಗೆ ಇಟ್ಟಿದ್ದನ್ನ ಹಾಗೇ ಎತ್ತಬಾರದು ಸರ್. ಅಕ್ಷತೆ ಹಾಕಿ, ಅಪ್ಪಣೆ ಕೇಳಿ, ಒಂಚೂರು ಕದಲಿಸಿ ಆಮೇಲೆ..." ಮಾತು ಅಲ್ಲಿಗೇ ನಿಂತಿತು. ತಾನೇನು ಹೇಳಿದೆ ಎಂಬುದು ಅವರಿಗೂ ಹೊಳೆಯಿತು.

"ಆಫೀಸಿನಲ್ಲಿ ನಿಮ್ಮ ಕಡೆಯವರು ಎಷ್ಟು ಜನ?"

"ನಾವಿಬ್ಬರು. ಇನ್ನು ಟೀಮ್ ಲೀಡ್ ಸಂಕೇತ್."

ವಲೇರಿಯನ್ ದ್ವಾರಕಾನಾಥರತ್ತ ತಿರುಗಿದರು. "ಪೆಟ್ಟಿಗೆ ನಿನ್ನೆಯೇ ಯಾಕೆ ಹೋಗಬೇಕು?"

"ಪ್ಯಾರಿಸ್‌ನ ಕ್ಲೈಂಟ್ ನಿನ್ನೇನೇ ರೆಕಾರ್ಡಿಂಗ್ಸ್ ಕೇಳಿದ್ರು. ನಮ್ಮ ಸರ್ವೆ ರಿಪೋರ್ಟಲ್ಲಿ, ಹೊಸ ಮೇಯರ್ ಮೊದಲು ಏನು ಮಾಡ್ಬೇಕು ಅಂದ್ರೆ, ಬೀದಿನಾಯಿ ಹಿಡೀಲಿ, ಟ್ಯಾಂಕರ್ ನೀರು ಟೈಮಿಗೆ ಬರ್ಲಿ ಅಂತ ನೂರಾರು ಜನ ಹೇಳಿದ್ದಾರಂತೆ. ಲಿಯಾನಲ್ಲಿ ಬೀದಿನಾಯಿನೇ ಕಾಣಲ್ವಂತೆ."

ನೆಂಟರ ಮದುವೆಗೆಂದು ಒಮ್ಮೆ ಬೆಂಗಳೂರಿಗೆ ಹೋಗಿದ್ದ ವಲೇರಿಯನ್‌ಗೆ ರಾತ್ರಿಯಿಡೀ ಕೇಳಿದ ಬೊಗಳಿಕೆ ನೆನಪಾಯಿತು. ನಗು ಬಂತು. ಮೆಟ್ಟಿಲ ಮೇಲಿನ ಹೆಂಗಸು ನೆನಪಾಗಿ ಆ ನಗು ಮಾಯವಾಯಿತು.

ಅಷ್ಟರಲ್ಲಿ ಚೆಬೆಟ್ ಗೇಟಿನಿಂದ ಬಂದಳು. ಬಹಾತಿಯ ಚೀಲವನ್ನು ಕಾವಲುಗಾರ ನೋಡಿದ್ದ, ಊಟದ ಡಬ್ಬಿ ಹಿಡಿಸುವಷ್ಟೇ ದೊಡ್ಡದು. ಸಂಕೇತ್ ಮಾತ್ರ ದೊಡ್ಡ ಕಾರ್ಟನ್ ಹೊತ್ತು ಹೋಗಿದ್ದ. ಪೂಜೆ ಸಾಮಾನು ಎಂದಿದ್ದನಂತೆ.

ವಲೇರಿಯನ್ ಸುತ್ತ ನೋಡಿದರು. ಕಳಶ, ದೀಪ, ತಟ್ಟೆ, ಗಂಟೆ ಎಲ್ಲ ಇಟ್ಟಲ್ಲೇ ಇದ್ದವು. ಸಂಕೇತ್‌ನನ್ನು ಒಳಕೋಣೆಗೆ ಕರೆಸಿದರು.

"ಕಾರ್ಟನ್‌ನಲ್ಲಿ ಎಂಥ ಇದ್ದದ್ದು?"

"ಪೂಜೆ ಸಾಮಾನು ಸರ್."

"ಅದೆಲ್ಲ ಇಲ್ಲಿಯೇ ಉಂಟಲ್ಲ."

ಸಂಕೇತ್ ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಜೆ 5.15ಕ್ಕೆ ಕಿಲೆಲೆಶ್ವಾದ ಅವನ ಫ್ಲಾಟಿನ ಬೀರುವಿನಲ್ಲಿ, ಹೊಸ ಟವೆಲಿನಲ್ಲಿ ಸುತ್ತಿಟ್ಟಿದ್ದ ಪೆಟ್ಟಿಗೆ ಸಿಕ್ಕಿತು. ಕುಂಕುಮ ಹಾಗೇ ಇತ್ತು. ಬಿಸಾಡಲು ಕೈ ಬರಲಿಲ್ಲ ಎಂದ. ಚೆಬೆಟ್ ಅವನ ಕೈಗೆ ಬೇಡಿ ಹಾಕಿದಳು.

ಠಾಣೆಯಲ್ಲಿ ಹೇಳಿಕೆ ಕೊಟ್ಟ. "ಸರ್, ಲಿಯಾನಿನ ಕೆಲವು ಏರಿಯಾ ಜನ ಈ ಹುಡುಗ್ರ ಆಕ್ಸೆಂಟ್ ಕೇಳಿದ ಕೂಡಲೇ ಬೈಯೋರು. ಮಂಗ ಅನ್ನೋರು. ಒಂದು ಕಾಲ್ ಆದ್ಮೇಲೆ ಬಹಾತಿ ಹೆಡ್‌ಸೆಟ್ ತೆಗೆದಿಟ್ಟು, ಊಟ ಬಿಟ್ಟು ಸ್ಟೇರ್‌ಕೇಸಲ್ಲಿ ಕೂತುಬಿಟ್ಟ. ಆ ಏರಿಯಾಗೆ ಫೋನ್ ಮಾಡ್ಬೇಡಿ ಅಂದೆ. ಉತ್ತರ ನಾನೇ ತುಂಬಿದೆ. ಮೇಯರ್ ಹತ್ರ ಜನ ಏನು ಕೇಳ್ತಾರೆ ಅಂತ ನಂಗೇನು ಗೊತ್ತು? ಬೆಂಗಳೂರಲ್ಲಿ ನಮ್ಮ ವಾರ್ಡಿನವರು ಕೇಳೋದನ್ನೇ ಬರೆದೆ. ರೆಕಾರ್ಡಿಂಗ್ಸ್ ಕೇಳಿದ್ರೆ ಆ ಕಾಲ್‌ಗಳೇ ಇಲ್ಲ ಅಂತ ಗೊತ್ತಾಗುತ್ತೆ. ಸಿಕ್ಕಿಬಿದ್ರೆ ಪ್ರಾಜೆಕ್ಟ್ ಹೋಗುತ್ತೆ, ಅಷ್ಟೂ ಜನರ ಕೆಲಸ ಹೋಗುತ್ತೆ. ಅವರಿಗೋಸ್ಕರಾನೇ ಸರ್."

ವಲೇರಿಯನ್ ನಂಬಿದರು. ನಂಬಿದ್ದರಿಂದಲೇ ಸಿಟ್ಟು ಬಂತು.

"ಪೆಟ್ಟಿಗೆಯ ಹತ್ತಿರ ಅಪ್ಪಣೆ ಕೇಳಿದಿರಿ. ಬೆಳಿಗ್ಗೆ ಬಹಾತಿಯನ್ನು ಹಿಡಿದುಕೊಂಡು ಹೋಗುವಾಗ ನೀವು ಎಲ್ಲಿದ್ದದ್ದು?"

"ಅಲ್ಲೇ, ಸರ್. ಬಾಗಿಲ ಹತ್ರ."

"ಅವ ನಿಮ್ಮನ್ನು ನೋಡಿದನಾ?"

ಸಂಕೇತ್ ತಲೆ ತಗ್ಗಿಸಿ ಹೌದೆಂದ.

6.50ಕ್ಕೆ ಬಹಾತಿಯ ಬಿಡುಗಡೆಯಾಯಿತು. ಚೆಬೆಟ್ ಅವನ ಕೊಡೆಯನ್ನು ಕೌಂಟರಿನ ಮೇಲಿಟ್ಟಳು. ಹೊರಡುವಾಗ ಬೆಂಚಿನ ಮೇಲೆ ಬೇಡಿ ಹಾಕಿಕೊಂಡು ಕೂತಿದ್ದ ಸಂಕೇತ್‌ನನ್ನು ಕಂಡು ಅವನು ಗಾಬರಿಯಾದ. ವಲೇರಿಯನ್ ಬಳಿ ಬಂದು ತಗ್ಗಿದ ದನಿಯಲ್ಲಿ ಸ್ವಾಹಿಲಿಯಲ್ಲಿ ಹೇಳಿದ: ಸಾಹೇಬರೇ, ಏನೋ ತಪ್ಪಾಗಿದೆ, ಇವರು ಒಳ್ಳೆಯವರು, ನಮಗಾಗಿ ಬಹಳ ಮಾಡಿದ್ದಾರೆ.

ವಲೇರಿಯನ್ ಅದನ್ನು ಕನ್ನಡಕ್ಕೆ ತಂದು ಸಂಕೇತ್‌ಗೆ ಹೇಳಿದರು. ಒಂದು ಮಾತೂ ಬಿಡಲಿಲ್ಲ.